ಕಂಬದ ಕಟ್ಟೆಯ ನಂಬುಗೆಮಾಪಕ

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಬೇರೆ ಬೇರೆ ಊರುಗಳಲ್ಲಿ ಕುಳಿತಿದ್ದ ಮುನ್ನೂರ ನಲವತ್ತು ಜನ ಒಂದೇ ಹೊತ್ತಿಗೆ ತಲೆಗೆ ತೆಳುವಾದ ಬೂದು ಪಟ್ಟಿಯೊಂದನ್ನು ಕಟ್ಟಿಕೊಂಡರು. ಕಿವಿಯ ಮೇಲ್ಭಾಗದಲ್ಲಿ ಪಟ್ಟಿ ಸ್ವಲ್ಪ ಬೆಚ್ಚಗಾಯಿತು. ಫೋನಿನ ಪರದೆಯ ಮೇಲೆ ಪ್ರಶ್ನೆ ಮೂಡಿತು: ‘ಅರಸೀಕೆರೆ – ಗೋಕಾಕ. ಗೆಲ್ಲುವವರು ಯಾರು?’

ಎಲ್ಲರೂ ಎಂದಿನಂತೆ ಉತ್ತರದ ಗುಂಡಿ ಒತ್ತಿದರು. ಅವರ ಬೆರಳು ಒಂದು ಉತ್ತರ ಕೊಡುತ್ತಿರುವಾಗಲೇ ಪಟ್ಟಿ ಅವರನ್ನು ಕೇಳದೆ ಇನ್ನೊಂದು ಉತ್ತರವನ್ನು ಬರೆದುಕೊಂಡಿತು.

ರತ್ನಮಾಲಾ ಒತ್ತಿದ್ದು ‘ಅರಸೀಕೆರೆ’. ಮರುಕ್ಷಣವೇ ಅವಳಿಗೆ ಮಾತ್ರ ಕಾಣುವಂತೆ ಪರದೆಯ ಮೂಲೆಯಲ್ಲಿ ಒಂದು ಸಾಲು ಬಂತು: ‘ನಿಮ್ಮ ನಂಬುಗೆ: ನೂರಕ್ಕೆ ಹನ್ನೊಂದು.’

ಅವಳು ಫೋನನ್ನು ಮಗುಚಿ ಮೇಜಿನ ಮೇಲಿಟ್ಟಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಹಾಗೆ ಮಾಡಿದಳು. ಅರಸೀಕೆರೆ ಮಹಿಳಾ ಖೋ ಖೋ ತಂಡದ ತರಬೇತುದಾರಳು ಅವಳೇ.

‘ಕಂಬದ ಕಟ್ಟೆ’ ಎಂಬುದು ಖೋ ಖೋ ಹುಚ್ಚಿನವರ ಆನ್‌ಲೈನ್ ಬಳಗ. ಪ್ರತಿ ವಾರ ಲೀಗಿನ ಪಂದ್ಯಗಳಿಗೆ ಮೊದಲು ಸದಸ್ಯರು ಫಲಿತಾಂಶ ಊಹಿಸುತ್ತಾರೆ. ಹಣದ ಮಾತು ಅಲ್ಲಿ ನಿಷಿದ್ಧ. ಗೆದ್ದವರಿಗೆ ಹೊಗಳಿಕೆ, ಸೋತವರಿಗೆ ವಾರವಿಡೀ ಕೀಟಲೆ. ತನ್ನ ಊರಿನ ಪಂದ್ಯಕ್ಕೆ ಮಾತ್ರ ಅಂಕ ಮೂರು ಪಟ್ಟು. ತಪ್ಪಿದರೆ ಕಡಿತವೂ ಅಷ್ಟೇ. ಈ ನಿಯಮ ಬಂದದ್ದು ಜನ ತಂತಮ್ಮ ಊರಿನ ಬಗ್ಗೆ ಹುಷಾರಾಗಿ ಊಹಿಸಲಿ ಎಂದು. ಆದದ್ದು ತಿರುವುಮುರುವು. ತನ್ನ ಊರು ಸೋಲುತ್ತದೆ ಎಂದು ಹತ್ತು ಜನರೆದುರು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಒಂಬತ್ತು ವರ್ಷಗಳಿಂದ ರತ್ನಮಾಲಾ ಪ್ರತಿ ಪಂದ್ಯಕ್ಕೂ ‘ಅರಸೀಕೆರೆ’ ಎಂದೇ ಬರೆದಳು; ಅರಸೀಕೆರೆ ಬಹುಪಾಲು ಸೋಲುತ್ತಲೇ ಬಂತು; ಅಂಕಪಟ್ಟಿಯ ಕೊನೆಯ ಸ್ಥಾನ ಅವಳಿಗೆ ಖಾಯಂ ಆಯಿತು.

‘ಇದು ಊಹೆ ಅಲ್ರಪ್ಪ, ಇದು ಜನಗಣತಿ. ಯಾರ್ ಎಲ್ಲಿ ಹುಟ್ಯಾರೆ ಅಂತ ಅಷ್ಟೇ ಗೊತ್ತಾಗ್ತತಿ’ ಎಂದು ಬಳಗದ ಅಂಕ ನೋಡಿಕೊಳ್ಳುವ ಹರಿಹರದ ಸಿದ್ರಾಮಣ್ಣ ಒಮ್ಮೆ ರೇಗಿದ. ಆಗ ಮುಂದೆ ಬಂದವರು ಬಳಗದ ಸದಸ್ಯೆಯೇ ಆಗಿದ್ದ ಮಿದುಳು ವಿಜ್ಞಾನಿ ಡಾ. ಮೇದಿನಿ ಐತಾಳ. ತಾವು ಆರು ವರ್ಷ ದುಡಿದು ರೂಪಿಸಿದ ನಂಬುಗೆಮಾಪಕ ಎಂಬ ಈ ತಲೆಪಟ್ಟಿಯನ್ನು ಈ ಬಳಗದಲ್ಲಿಯೇ ಮೊದಲು ಪರೀಕ್ಷಿಸಲು ಅವರು ನಿರ್ಧರಿಸಿದರು. ಇನ್ನು ಮುಂದೆ ಅಂಕ ಸಿಗುವುದು ಬೆರಳು ಒತ್ತಿದ ಉತ್ತರಕ್ಕಲ್ಲ, ಮನಸ್ಸು ನಂಬಿದ ಉತ್ತರಕ್ಕೆ. ಎಲ್ಲರೂ ನಗುತ್ತಲೇ ಒಪ್ಪಿದರು. ಒಪ್ಪದಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದಾಗುತ್ತದಲ್ಲ ಎಂದು ರತ್ನಮಾಲಾ ಕೂಡ ಒಪ್ಪಿದ್ದಳು.

ಅಂದು ಗೋಕಾಕದವರ ಎದುರು ಅರಸೀಕೆರೆ ಸೋತಿತು. ಸೋಮವಾರ ಅವಳು ಮೇದಿನಿಗೆ ಫೋನ್ ಮಾಡಿದಳು.

“ಡಾಕ್ಟ್ರೇ, ಈ ಪಟ್ಟಿ ಸುಳ್ಳು ಹೇಳೋದು ಉಂಟಾ?”

“ಅದಕ್ಕೆ ಸುಳ್ಳು ಹೇಳೋಕೆ ಬರೋದಿಲ್ಲ, ರತ್ನಾ ಅವರೇ. ಯಾಕೆ?”

“ನಾನು ನನ್ನ ಹುಡುಗೀರು ಗೆಲ್ಲಲಿ ಅಂತ ಎಷ್ಟು ಆಸೆ ಪಡ್ತೀನಿ ಅಂತ ನನಗೆ ಗೊತ್ತು. ಇದು ಹನ್ನೊಂದು ಅಂತದೆ.”

ಮೇದಿನಿ ಹೇಳಿದರು: “ನೀವು ಕತ್ತಲಲ್ಲಿ ಮೆಟ್ಟಿಲು ಇಳೀತಾ ಇದ್ದೀರಿ ಅಂತ ಇಟ್ಕೊಳ್ಳಿ. ಇನ್ನೊಂದು ಮೆಟ್ಟಿಲಿದೆ ಅಂತ ಕಾಲು ಇಡ್ತೀರಿ, ಇರೋದಿಲ್ಲ, ಧಡಕ್ಕಂತ ನೆಲ ತಗಲುತ್ತೆ. ಅಲ್ಲಿ ಇನ್ನೊಂದು ಮೆಟ್ಟಿಲು ಇರಲಿ ಅಂತ ನೀವು ಆಸೆ ಪಟ್ಟಿದ್ರಾ? ಇಲ್ಲ. ಕಾಲು ನಂಬಿತ್ತು, ಅಷ್ಟೇ. ಆಸೆ ಮಿದುಳಿನ ಒಂದು ಕಡೆ ಹುಟ್ಟುತ್ತೆ, ನಂಬಿಕೆ ಇನ್ನೊಂದು ಕಡೆ. ನಂಬಿಕೆಯ ಅಲೆ ಒಂದು ಚೂರು ಮುಂಚೆ ಏಳುತ್ತೆ. ಪಟ್ಟಿ ಹಿಡಿಯೋದು ಅದನ್ನ. ಅದಕ್ಕೆ ನಾನು ‘ಮುನ್ನಲೆ’ ಅಂತ ಹೆಸರಿಟ್ಟಿದ್ದೀನಿ.”

“ಹಾಗಾದ್ರೆ ನನ್ನ ಹೆಸರು ತೆಗೆದುಬಿಡಿ. ಈ ಅಂಕಿ ಹುಡುಗೀರ ಕಣ್ಣಿಗೆ ಬಿದ್ರೆ ನಾನು ಯಾವ ಮುಖ ಇಟ್ಕೊಂಡು ಅಂಗಳಕ್ಕೆ ಹೋಗ್ಲಿ? ಪ್ರತಿ ಪಂದ್ಯಕ್ಕೂ ಮುಂಚೆ ‘ಇವತ್ತು ನಮ್ದೇ’ ಅಂತ ಬೆನ್ನು ತಟ್ಟಿ ಕಳಿಸೋಳು ನಾನು.”

“ಅಷ್ಟಕ್ಕೆ ಹೆದರಬೇಡಿ. ಅರ್ಧ ಲೀಗ್ ಮುಗಿಯೋವರೆಗೆ ಎಲ್ಲ ಗುಟ್ಟು. ಆಮೇಲೂ ಮೊದಲ ಮೂರು ಜನರ ವಿವರ ಮಾತ್ರ ಪ್ರಕಟ ಮಾಡ್ತೀವಿ. ನೀವು...” ಮೇದಿನಿ ಮಾತು ನುಂಗಿದರು.

ರತ್ನಮಾಲಾಗೆ ನಗು ಬಂತು. “ಹೇಳಿ ಪರವಾಗಿಲ್ಲ. ನಾನು ಕೊನೆಯಿಂದ ಮೊದಲನೆಯವಳು. ಸರಿ, ಇರಲಿ ಬಿಡಿ.”

ಒಬ್ಬಳು ತರಬೇತುದಾರಳು, ಇನ್ನೊಬ್ಬರು ವಿಜ್ಞಾನಿ. ಲೆಕ್ಕದಲ್ಲಿ ಇಬ್ಬರೂ ದಡ್ಡರಲ್ಲ. ಆದರೂ ಅಂಕ ಕೊಡುವ ಪದ್ಧತಿಯೇ ಬದಲಾಗಿದೆ, ಒಂಬತ್ತು ವರ್ಷದ ಸ್ಥಾನ ಇನ್ನು ಲೆಕ್ಕಕ್ಕಿಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಅರ್ಧ ಲೀಗ್ ಮುಗಿಯಿತು. ಅರಸೀಕೆರೆ ಏಳಕ್ಕೆ ಏಳೂ ಪಂದ್ಯ ಸೋತಿತ್ತು. ಗುರುವಾರ ಸಂಜೆ ಕಂಬದ ಕಟ್ಟೆಯಲ್ಲಿ ಫಲಿತಾಂಶ ಬಂತು. ಮೊದಲ ಸ್ಥಾನ: ರತ್ನಮಾಲಾ, ಅರಸೀಕೆರೆ. ಕೆಳಗೆ ವಿವರ: ತನ್ನ ಊರಿನ ಪಂದ್ಯಗಳಲ್ಲಿ ನಂಬುಗೆ ನೂರಕ್ಕೆ ಹನ್ನೊಂದು, ಒಂಬತ್ತು, ಹದಿನಾಲ್ಕು, ಎಂಟು, ಹನ್ನೊಂದು, ಏಳು, ಒಂಬತ್ತು. ಸೋಲೆಂಬ ನಂಬಿಕೆ ಏಳೂ ಸಲ ಸರಿ. ಮೂರು ಪಟ್ಟು ಅಂಕ.

ಎರಡೇ ನಿಮಿಷದಲ್ಲಿ ಸಿದ್ರಾಮಣ್ಣನ ಧ್ವನಿಸಂದೇಶ ಎಲ್ಲರ ಫೋನಿಗೂ ಬಂತು: “ಯಕ್ಕಾ, ಒಂಬತ್ತು ವರ್ಷ ನಮ್ಮನ್ನೆಲ್ಲ ಮಂಗ ಮಾಡಿದ್ಯಲ್ಲವ್ವ! ಕೊನೇ ಸ್ಥಾನದಾಗ ಕುಂತು ಮೊದಲ್ನೇ ಸ್ಥಾನದ ತೆಲಿ ಇಟ್ಕಂಡಿದ್ದಿ. ಮುಂದಿನ ತಿಂಗಳು ನಮ್ ಹರಿಹರದ ಮ್ಯಾಲೆ ಎಷ್ಟು ಬರ್ತತಿ ಈಗ್ಲೇ ಹೇಳಿಬಿಡು, ನಾವ್ ಬರೋ ತ್ರಾಸ್ ತಪ್ತತಿ!”

ಅಭಿನಂದನೆಗಳು ಸುರಿದವು. ರತ್ನಮಾಲಾ ಒಂದನ್ನೂ ಓದಲಿಲ್ಲ.

ಮರುದಿನ ಬೆಳಿಗ್ಗೆ ಆರಕ್ಕೆ ಅವಳು ಅಂಗಳಕ್ಕೆ ಬಂದಾಗ ಹನ್ನೆರಡು ಹುಡುಗಿಯರೂ ಆಗಲೇ ಬಂದಿದ್ದರು. ಯಾರೂ ಓಡುತ್ತಿರಲಿಲ್ಲ. ಎರಡು ಕಂಬಗಳ ನಡುವಿನ ಗೆರೆಯ ಮೇಲೆ ಸಾಲಾಗಿ ಕುಳಿತಿದ್ದರು. ನಾಯಕಿ ನಾಜನೀನ್ ಮಾತ್ರ ನಿಂತಿದ್ದಳು.

ರತ್ನಮಾಲಾ ದಾರಿಯುದ್ದಕ್ಕೂ ಒಂದು ಮಾತು ಕಟ್ಟಿಕೊಂಡು ಬಂದಿದ್ದಳು: ಯಂತ್ರ ಇನ್ನೂ ಪರೀಕ್ಷೆಯ ಹಂತದಲ್ಲಿದೆ, ನಂಬಬೇಡಿ. ಅದನ್ನು ಹೇಳಲು ಬಾಯಿ ತೆರೆದಳು.

“ಅಕ್ಕಾ, ಒಂದು ಕೇಳ್ಲಾ?” ಎಂದಳು ನಾಜನೀನ್. “ಸೋಲ್ತೀವಿ ಅಂತ ನಿಮ್ಗೆ ಪ್ರತಿ ಸಲಾನೂ ಗೊತ್ತಿತ್ತು.”

“ನಾಜೂ, ಅದು...”

“ಗೊತ್ತಿತ್ತು ಅಂದ್ಮೇಲೆ ಎಲ್ಲಿ ಸೋಲ್ತೀವಿ ಅಂತಾನೂ ಗೊತ್ತಿರ್ಬೇಕಲ್ಲ. ಯಾಕೆ ಹೇಳ್ಲಿಲ್ಲ?”

ರತ್ನಮಾಲಾ ಈ ಪ್ರಶ್ನೆಯನ್ನು ನಿರೀಕ್ಷಿಸಿರಲಿಲ್ಲ. ಹುಡುಗಿಯರು ಅಳಬಹುದು, ಬೈಯಬಹುದು, ತಂಡ ಬಿಡುತ್ತೇವೆ ಎನ್ನಬಹುದು ಎಂದುಕೊಂಡಿದ್ದಳು. ಸಾಲಿನಲ್ಲಿ ಕುಳಿತ ಹನ್ನೊಂದು ಮುಖಗಳು ಅವಳನ್ನೇ ನೋಡುತ್ತಿದ್ದವು. ಅಲ್ಲಿ ಇದ್ದದ್ದು ದುಃಖವಲ್ಲ, ಸಿಟ್ಟು. ಮನೆಯ ವಿಷಯವನ್ನು ಮುಚ್ಚಿಟ್ಟು ತಮ್ಮನ್ನು ಚಿಕ್ಕವರೆಂದು ದೂರ ಕೂರಿಸಿದವರ ಮೇಲೆ ಬರುವಂಥ ಸಿಟ್ಟು.

“ಹೇಳಿ ಅಕ್ಕ. ಎಲ್ಲಿ?”

“ನಿನ್ನಲ್ಲಿ” ಎಂದಳು ರತ್ನಮಾಲಾ.

ನಾಜನೀನ್ ಅಂಗಳದ ಮೂಲೆಯ ನಲ್ಲಿಯತ್ತ ನಡೆದಳು. ಜನ ಅರಸೀಕೆರೆಯ ಪಂದ್ಯಕ್ಕೆ ಬರುತ್ತಿದ್ದುದೇ ಅವಳ ಓಟ ನೋಡಲು. ನಾಲ್ಕು ವರ್ಷದ ಹಿಂದೆ ಹಿಂದಿನ ತರಬೇತುದಾರರು ಒಂದು ಮಾತು ಗದರಿದ್ದಕ್ಕೆ ಅವಳು ಅರ್ಧ ಋತು ಅಂಗಳಕ್ಕೆ ಕಾಲಿಟ್ಟಿರಲಿಲ್ಲ. ರತ್ನಮಾಲಾ ಇದನ್ನೆಲ್ಲ ಎಣಿಸಿ, ಬಾಯಿ ಮುಚ್ಚಿಕೊಂಡು ಬಂದಿದ್ದಳು. ಈಗ ನಾಜನೀನ್ ಹೋದಳು, ತಂಡವೂ ಹೋಯಿತು ಎಂದುಕೊಂಡು ಕಣ್ಣು ಕೆಳಗೆ ಹಾಕಿದಳು.

ನಲ್ಲಿ ನಿಂತ ಸದ್ದಾಯಿತು. ನಾಜನೀನ್ ಒದ್ದೆ ಮುಖ ಒರೆಸಿಕೊಳ್ಳದೆ ವಾಪಸು ಬಂದಳು.

“ಬಿಡಿಸಿ ಹೇಳಿ.”

“ಬೆನ್ನಟ್ಟೋಕೆ ಎದ್ದ ಮೇಲೆ ನೀನು ಖೋ ಕೊಡಲ್ಲ. ಎರಡನೇ ಚೌಕದಲ್ಲಿ ಕೂತಿರೋಳಿಗೆ ಕೊಡಬೇಕಾದ್ದನ್ನ ಐದು ಚೌಕ ನೀನೇ ಓಡ್ತೀಯ. ನಿನ್ನ ಓಟ ಚೆಂದ. ಆದ್ರೆ ಓಡೋಳು ತಪ್ಪಿಸ್ಕೊಳ್ಳೋದು ಅಷ್ಟರಲ್ಲೇ. ಎದುರಿನ ತಂಡಕ್ಕೆಲ್ಲ ಇದು ಗೊತ್ತು.”

“ಕೊಟ್ರೆ ಇವ್ರು ಹಿಡಿಯಲ್ಲ ಅಕ್ಕ” ಎಂದಳು ನಾಜನೀನ್, ಮೆಲ್ಲಗೆ.

ಸಾಲಿನಲ್ಲಿದ್ದ ಪಲ್ಲವಿ ಎದ್ದು ನಿಂತಳು. ತಂಡದಲ್ಲಿ ಎಲ್ಲರಿಗಿಂತ ಗಿಡ್ಡಗಿದ್ದವಳು, ಬಾಯಿ ಮಾತ್ರ ಉದ್ದ. “ಅಕ್ಕಾ, ಆ ಪಟ್ಟಿ ತಂದಿದ್ದೀರಾ? ಇವ್ಳ ತಲೆಗೆ ಕಟ್ಟಿ. ಪಲ್ಲವಿಗೆ ಖೋ ಕೊಟ್ರೆ ಹಿಡೀತಾಳಾ ಅಂತ ಕೇಳಿ.”

ಪಟ್ಟಿ ಚೀಲದಲ್ಲಿಯೇ ಇತ್ತು. ಕಟ್ಟಿದರು, ಕೇಳಿದರು. ನೂರಕ್ಕೆ ಹದಿನೇಳು.

“ಹದಿನೇಳಾ!” ಪಲ್ಲವಿ ಹಣೆ ಚಚ್ಚಿಕೊಂಡಳು. “ನಾನು ಇಪ್ಪತ್ತಾದ್ರೂ ಬರ್ತದೆ ಅನ್ಕಂಡಿದ್ದೆ ಕಣೇ. ಹೋಗ್ಲಿ, ಮೂರು ಕೊಡೇ, ಪಾಸ್ ಮಾಡೇ!”

ಮೊದಲು ನಕ್ಕದ್ದು ನಾಜನೀನ್. ಆಮೇಲೆ ಎಲ್ಲರೂ.

ಅಂದಿನಿಂದ ಅಭ್ಯಾಸದ ಕೊನೆಗೆ ಹುಡುಗಿಯರು ರತ್ನಮಾಲಾಳ ತಲೆಗೆ ಪಟ್ಟಿ ಕಟ್ಟಿ ಒಂದೇ ಪ್ರಶ್ನೆ ಕೇಳತೊಡಗಿದರು: “ಹರಿಹರದ ಮೇಲೆ ಗೆಲ್ತೀವಾ?” ಮೊದಲ ದಿನ ನಾಲ್ಕು. ವಾರದ ಕೊನೆಗೆ ಹದಿಮೂರು. ಒಮ್ಮೆ ಪಲ್ಲವಿ ಪ್ರಶ್ನೆಗೆ ಮೊದಲು ಅವಳಿಗೆ ಮೈಸೂರು ಪಾಕ್ ತಿನ್ನಿಸಿ ನೋಡಿದಳು. ಅಂಕಿ ಎರಡು ಇಳಿಯಿತು. “ತುಪ್ಪದ್ದಲ್ಲ ಅಂತ ಗೊತ್ತಾಯ್ತು ಕಣ್ರೇ ಅದಕ್ಕೆ” ಎಂದು ಯಾರೋ ಅಂದರು. ಅಂಕಿ ಏರುವ ದಾರಿ ಒಂದೇ ಇತ್ತು: ಅವಳ ಕಣ್ಣೆದುರು ಅಂಗಳದಲ್ಲಿ ನಿಜವಾಗಿ ಏನಾದರೂ ಬದಲಾಗಬೇಕು. ನಾಜನೀನ್ ಎರಡನೇ ಚೌಕದಲ್ಲಿ ಖೋ ಕೊಟ್ಟ ದಿನ ಇಪ್ಪತ್ತೆರಡು. ಪಲ್ಲವಿ ಅದನ್ನು ಪಡೆದು ಕಂಬದ ಬಳಿ ಓಟಗಾರ್ತಿಯನ್ನು ಮುಟ್ಟಿದ ದಿನ ಮೂವತ್ತೊಂದು. ‘ಚೆನ್ನಾಗಿತ್ತು’ ಎಂಬ ಮಾತನ್ನು ರತ್ನಮಾಲಾ ಮೊದಲಿನಷ್ಟು ಸಲ ಹೇಳುತ್ತಿರಲಿಲ್ಲ. ಹೇಳಿದಾಗ ಹುಡುಗಿಯರು ಅದನ್ನು ಮನೆಗೆ ಹೋಗಿ ಹೇಳಿಕೊಳ್ಳುತ್ತಿದ್ದರು.

ಈ ಸುದ್ದಿ ಕಂಬದ ಕಟ್ಟೆಗೆ ತಲುಪಿತು, ಅಲ್ಲಿಂದ ಹೊರಗೂ ಹೋಯಿತು. ಊಹೆಯ ಆಟದಲ್ಲಿ ಪರೀಕ್ಷೆಗಿಟ್ಟ ಯಂತ್ರವನ್ನು ಕೇಳಿ ಸಂಗೀತ ಶಾಲೆಯೊಂದರಿಂದ ಪತ್ರ ಬಂತು. ಬರೆದವರು ವಿದ್ಯಾರ್ಥಿಗಳು, ಪಟ್ಟಿ ಬೇಕಾಗಿದ್ದುದು ಗುರುಗಳ ತಲೆಗೆ. ಆಸೆಯನ್ನು ಸೋಸಿ ತೆಗೆದು ನಂಬಿಕೆಯನ್ನು ಅಳೆಯುವುದಷ್ಟೇ ತಮ್ಮ ಗುರಿಯಾಗಿತ್ತು, ಅಳೆಸಿಕೊಂಡವರ ನಂಬಿಕೆಯನ್ನು ಬೆಳೆಸಲು ಇನ್ಯಾರೋ ಬೆವರು ಹರಿಸುತ್ತಾರೆಂದು ಎಣಿಸಿರಲಿಲ್ಲ ಎಂದು ಮೇದಿನಿ ತಮ್ಮ ವರದಿಯಲ್ಲಿ ಬರೆದರು.

ಹರಿಹರದ ಪಂದ್ಯದ ಬೆಳಿಗ್ಗೆ ರತ್ನಮಾಲಾ ಒಬ್ಬಳೇ ಕುಳಿತು ಪಟ್ಟಿ ಕಟ್ಟಿಕೊಂಡಳು. ಕಂಬದ ಕಟ್ಟೆಯ ಪ್ರಶ್ನೆಗೆ ‘ಅರಸೀಕೆರೆ’ ಎಂದು ಒತ್ತಿದಳು. ಮೂಲೆಯಲ್ಲಿ ಬಂದ ಅಂಕಿಯನ್ನು ಎರಡು ಸಲ ಓದಿದಳು. ಆ ದಿನ ಹುಡುಗಿಯರು ಎಷ್ಟು ಗೋಗರೆದರೂ ಎಷ್ಟೆಂದು ಹೇಳಲಿಲ್ಲ. ‘ಇವತ್ತು ನಮ್ದೇ’ ಎಂದೂ ಹೇಳಲಿಲ್ಲ. “ಎರಡನೇ ಚೌಕ” ಎಂದಷ್ಟೇ ಹೇಳಿ ಕಳಿಸಿದಳು.

ಹರಿಹರದವರು ಆ ಋತುವಿನಲ್ಲಿ ಒಮ್ಮೆಯೂ ಸೋತಿರಲಿಲ್ಲ. ಆ ಮಧ್ಯಾಹ್ನ ಅವರ ಓಟಗಾರ್ತಿಯರು ನಾಜನೀನ್ ಐದು ಚೌಕ ಓಡುತ್ತಾಳೆಂದು ನಂಬಿ ತಿರುಗಿದಲ್ಲೆಲ್ಲ ಬೇರೊಬ್ಬಳು ಎದ್ದು ನಿಂತಿದ್ದಳು. ಪಲ್ಲವಿಯೊಬ್ಬಳೇ ನಾಲ್ವರನ್ನು ಮುಟ್ಟಿದಳು. ಕೊನೆಯ ಸರದಿಯಲ್ಲಿ ಅರಸೀಕೆರೆಗೆ ಸಮಕ್ಕೆ ಒಂದು, ಗೆಲುವಿಗೆ ಎರಡು ಅಂಕ ಬೇಕಿತ್ತು. ಹರಿಹರದ ಕೊನೆಯ ಓಟಗಾರ್ತಿ ಕಂಬವನ್ನು ಸುತ್ತಿ, ಮೈ ತಗ್ಗಿಸಿ, ಹನ್ನೊಂದು ಸೆಕೆಂಡು ಉಳಿದುಕೊಂಡಳು. ಸೀಟಿ ಮೊಳಗಿತು. ಅರಸೀಕೆರೆ ಒಂದು ಅಂಕದಿಂದ ಸೋತಿತು.

ಹುಡುಗಿಯರು ಬೆಂಚಿನ ಮೇಲೆ ಸಾಲಾಗಿ ಕುಳಿತರು. ನಾಜನೀನ್ ಮುಖದ ಮೇಲೆ ಟವೆಲ್ ಎಳೆದುಕೊಂಡಿದ್ದಳು. ರತ್ನಮಾಲಾ ಅವರ ಎದುರು ನೆಲದ ಮೇಲೆ ಕುಳಿತು ಪಲ್ಲವಿಯ ಪಾದಕ್ಕೆ ಬಟ್ಟೆ ಸುತ್ತುತ್ತಿದ್ದಳು. ಆಗ ಫೋನ್ ಬಂತು. ಎರಡೂ ಕೈ ತುಂಬಿದ್ದರಿಂದ ಪಲ್ಲವಿಯೇ ಫೋನನ್ನು ಸ್ಪೀಕರಿಗೆ ಹಾಕಿ ಹಿಡಿದಳು.

“ರತ್ನಾ ಅವರೇ, ಪಂದ್ಯ ನೋಡ್ದೆ, ಏನು ಆಟ ಅದು!” ಮೇದಿನಿಯ ದನಿ. “ಒಂದು ವಿಷಯ. ನಿಮ್ಮ ಇವತ್ತಿನ ದಾಖಲೆಯಲ್ಲಿ ಏನೋ ಎಡವಟ್ಟಾಗಿದೆ. ಅರಸೀಕೆರೆ ವಿಷಯದಲ್ಲಿ ನಿಮ್ಮ ಅಂದಾಜು ಈವರೆಗೆ ಒಮ್ಮೆಯೂ ತಪ್ಪಿರಲಿಲ್ಲ. ಇವತ್ತು ನೂರಕ್ಕೆ ಅರವತ್ತಮೂರು ತೋರಿಸ್ತಿದೆ. ದಿನಾ ಅಭ್ಯಾಸಕ್ಕೆ ಕಟ್ಟಿ ಬೆವರು ಒಳಗೆ ಹೋಗಿರಬೇಕು. ಪಟ್ಟಿ ಕೆಟ್ಟಿತ್ತು ಅಂತ ಬರೆದು ಆ ಅಂಕಿ ರದ್ದು ಮಾಡ್ತೀನಿ. ಹಾಗೆ ಮಾಡಿದ್ರೆ ಮೊದಲ ಸ್ಥಾನ ನಿಮಗೇ ಉಳಿಯುತ್ತೆ. ಇಲ್ಲದಿದ್ರೆ ಆರಕ್ಕೆ ಇಳೀತೀರಿ.”

ರತ್ನಮಾಲಾ ಬಟ್ಟೆಯ ತುದಿಗೆ ಗಂಟು ಹಾಕಿದಳು.

“ಪಟ್ಟಿ ಸರಿಯಾಗೇ ಇದೆ, ಡಾಕ್ಟ್ರೇ.”

“ಅಂದ್ರೆ?”

“ನಂಬಿದ್ದೆ. ಇವತ್ತು ಇವ್ರು ಗೆಲ್ತಾರೆ ಅಂತ ನಂಬಿದ್ದೆ. ನನ್ನದೇ ತಪ್ಪಾಯ್ತು. ಆರಕ್ಕೆ ಹಾಕಿ.”

ನಾಜನೀನ್ ಮುಖದ ಮೇಲಿನ ಟವೆಲ್ ತೆಗೆದಳು. “ಅರವತ್ಮೂರು” ಎಂದಳು ಪಕ್ಕದವಳಿಗೆ, ಅವಳಿಗೆ ಕೇಳಿಸಿಯೇ ಇಲ್ಲವೇನೋ ಎಂಬಂತೆ. ಪಕ್ಕದವಳು ತನ್ನ ಪಕ್ಕದವಳತ್ತ ತಿರುಗಿದಳು. ಬೆಂಚಿನ ಕೊನೆಯವರೆಗೂ ಆ ಅಂಕಿ ಒಬ್ಬಳಿಂದ ಒಬ್ಬಳಿಗೆ ದಾಟಿತು.