ಗಂಗರತ್ನಮ್ಮನ ಪಾಲಿನ ಗಂಜಿ

ಆ ಬೆಳಿಗ್ಗೆ ವೆಂಕಟೇಶಪ್ಪನ ಮನೆಯಲ್ಲಿ ತೀರ್ಮಾನವಾಗಬೇಕಿದ್ದ ಗಹನವಾದ ಪ್ರಶ್ನೆ ಒಂದೇ: ಅನ್ನ ಬಸಿದ ಗಂಜಿಯನ್ನು ಹಿತ್ತಲಿಗೆ ಒಯ್ಯುವವರು ಯಾರು? ಎರಡು ರಾಜ್ಯಗಳು ಹೊಳೆಯ ನೀರಿಗೆ ಜಗಳವಾಡುವಾಗಲೂ ಇಷ್ಟು ಬಿಗುಮಾನ ಇರಲಾರದು. ಅಕ್ಕಯಮ್ಮನ ಮಂಡಿ ಊದಿತ್ತು. ಸೊಸೆ ಭಾನು ಬಾಣಂತಿ; ಹೊಸ್ತಿಲು ದಾಟುವಂತಿಲ್ಲ. ಮಗ ಜಗನ್ ಹೊಸೂರಿನ ಕಾರ್ಖಾನೆಯ ಮೊದಲ ಶಿಫ್ಟಿಗೆ ಹೊರಟಿದ್ದವನು, ಒಂದು ಕಾಲಿಗೆ ಶೂ ಹಾಕಿಕೊಂಡು ಇನ್ನೊಂದನ್ನು ಮಂಚದ ಕೆಳಗೆ ಹುಡುಕುತ್ತಿದ್ದ. ಇನ್ನುಳಿದವನು ಯಜಮಾನ ವೆಂಕಟೇಶಪ್ಪ. ಅವನು ಜಗಲಿಯ ಮೇಲೆ ಕುಳಿತು, ಈ ಮನೆಗೆ ಬಾಡಿಗೆಗೆ ಬಂದವನ ಹಾಗೆ ಕೆಲಮಂಗಲದ ರಸ್ತೆಯನ್ನು ನೋಡುತ್ತಿದ್ದ.

"ಒಂದಿನ ಒಯ್ದು ಇಕ್ಕಿದ್ರೆ ಕೈ ಸವೆದೋಗ್ತದಾ?" ಅಕ್ಕಯಮ್ಮ ಒಳಗಿನಿಂದಲೇ ಕೂಗಿದಳು.

"ನನ್ ಕೈಲಿ ಆಗಾಕಿಲ್ಲ ಅಂದ್ನಲ್ಲ."

"ಕಟ್ಕಂಡೋನು ನೀನು, ಇಕ್ಕೋಳು ನಾನು. ಚೆನ್ನಾಗೈತೆ ನ್ಯಾಯ!"

ಗಂಜಿ ಗಂಗರತ್ನಮ್ಮನ ಪಾಲು. ಗಂಗರತ್ನಮ್ಮ ವೆಂಕಟೇಶಪ್ಪನ ಮೊದಲ ಹೆಂಡತಿ. ತೀರಿಕೊಂಡು ನಲವತ್ತು ವರ್ಷ ದಾಟಿತ್ತು. ಆದರೂ ಆ ಮನೆಯಲ್ಲಿ ಮೊದಲ ಊಟ ಅವಳದ್ದೇ. ಬಾಣಂತನದಲ್ಲಿ ಅವಳ ಮಗುವಿನ ದನಿ ಇದ್ದಕ್ಕಿದ್ದಂತೆ ಹೋಗಿತ್ತು. ಬಾಯಿ ತೆರೆದು ಅಳುತ್ತಿತ್ತು, ಸದ್ದು ಬರುತ್ತಿರಲಿಲ್ಲ... ಹಾಗೆಯೇ ಹೋಗಿಬಿಟ್ಟಿತು. ಹಿಂದೆಯೇ ತಾಯಿಯೂ ಕಾಲು ಬಾತು, ಎದೆ ಹಿಡಿದುಕೊಂಡು ಹೋದಳು. ಸಾಯುವಾಗ "ಒಂದು ಗುಟುಕು ಗಂಜಿ ಕೊಡ್ರಿ" ಎಂದು ಕೇಳಿದಳಂತೆ. ಬಾಣಂತಿಗೆ ಶೀತ ಎಂದು ಅತ್ತೆ ಕೊಡಲಿಲ್ಲ. ಬದುಕಿದ್ದಾಗ ಕೊಡದ ಗಂಜಿಯನ್ನು ಸತ್ತ ಮೇಲೆ ಹಿತ್ತಲಿನ ಹೊಂಗೆಮರದ ಬುಡಕ್ಕೆ ದಿನವೂ ಸುರಿಯುವ ಪದ್ಧತಿ ಅಂದಿನಿಂದ ಬಂತು. ನಮ್ಮ ಜನ ಇಂಥ ಲೆಕ್ಕಗಳಲ್ಲಿ ಬಹಳ ಪ್ರಾಮಾಣಿಕರು.

ಆದರೆ ಗಂಗರತ್ನಮ್ಮ ತೃಪ್ತಳಾಗಲಿಲ್ಲ. ಎರಡನೆಯವಳಾಗಿ ಬಂದ ಅಕ್ಕಯಮ್ಮನ ಮೊದಲ ಎರಡು ಕೂಸುಗಳೂ ಮೂರನೇ ತಿಂಗಳಲ್ಲಿ ದನಿ ಕಳೆದುಕೊಂಡು ಹೋದವು. ಸವತಿ ಕದ್ದಳು! ಊರೆಲ್ಲ ಅದನ್ನೇ ಹೇಳಿತು. ಮೂರನೆಯ ಬಾಣಂತನಕ್ಕೆ ಅಕ್ಕಯಮ್ಮ ತವರಾದ ಜವಳಗಿರಿಗೆ ಹೋದಳು. ಅಲ್ಲಿ ಜಗನ್ ಹುಟ್ಟಿ, ಕಾಡಿಗೆಲ್ಲ ಕೇಳುವಂತೆ ಕಿರುಚಿ, ಬದುಕಿಕೊಂಡ. ಆನೆಗಳಿಗೆ ಹೆದರಿ ಗಂಗರತ್ನಮ್ಮ ಆ ಕಡೆ ಸುಳಿಯಲಿಲ್ಲ ಎಂಬುದು ಅಕ್ಕಯಮ್ಮನ ವಿವರಣೆ. ಜವಳಗಿರಿಯ ಆ ಬಡ ಮನೆಯಲ್ಲಿ ಅಕ್ಕಿಯ ಕಾಳಿರಲಿಲ್ಲ, ಬಾಣಂತಿಗೂ ರಾಗಿಮುದ್ದೆ, ಹುರುಳಿಸಾರೇ ಗತಿಯಾಗಿತ್ತು ಎಂಬ ಮಾತನ್ನು ಅವಳು ನಾಚಿಕೆಯಿಂದ ಯಾರಿಗೂ ಹೇಳುತ್ತಿರಲಿಲ್ಲ.

ಈಗ ಮಗನಿಗೆ ಕಾರ್ಖಾನೆಯ ಸಂಬಳ. ರೇಷನ್ ಅಂಗಡಿಯ ಪುಳುಂಗಲ್ ಅಕ್ಕಿ, ಅದೇ ಭತ್ತ ಬೇಯಿಸಿ ಮಾಡುವ ಅಕ್ಕಿ, ಕೋಳಿಗಳ ಪಾಲಾಗಿತ್ತು. ಹೊಸೂರಿನಿಂದ ಮಲ್ಲಿಗೆ ಮೊಗ್ಗಿನಂಥ ಬಿಳಿ ಅಕ್ಕಿ ಬರುತ್ತಿತ್ತು. ತಾಯಿಯಿಲ್ಲದ ತವರಿನ ಭಾನುವಿನ ಎರಡೂ ಬಾಣಂತನಗಳನ್ನು ಅಕ್ಕಯಮ್ಮನೇ ಮಾಡಿದಳು, ಕಾವಲುಗಾರನ ಎಚ್ಚರದಿಂದ. ರಾಗಿ ಕಪ್ಪು, ಕಪ್ಪು ಕಂಡರೆ ಸವತಿ ಬರುತ್ತಾಳೆ. ಕಾಳು ವಾಯು. ನುಗ್ಗೆಸೊಪ್ಪು ತಿಂದರೆ ಕೂಸಿಗೆ ಭೇದಿ. ನಿಂಬೆಹಣ್ಣು ಶೀತ. ಮೊಟ್ಟೆ ನಂಜು. ಬಿಸಿಲಿಗೆ ಹೋದರೆ ದೃಷ್ಟಿ. ಹಾಗಾಗಿ ಅಕ್ಕಿಯನ್ನು ನೀರು ತಿಳಿಯಾಗುವವರೆಗೆ ಉಜ್ಜಿ ಉಜ್ಜಿ ತೊಳೆದು, ಮೆತ್ತಗೆ ಬೇಯಿಸಿ, ಬಸಿದು, ಮೇಲೆ ಮೆಣಸು ಬೆಳ್ಳುಳ್ಳಿಯ ಸಾರು. ಎರಡು ಹೊತ್ತೂ ಅದೇ. ತೊಳೆದ ಕಲಗಚ್ಚು ಹಸುವಿಗೆ, ಬಸಿದ ಗಂಜಿ ದೆವ್ವಕ್ಕೆ, ಉಳಿದ ಬಿಳುಪು ಬಾಣಂತಿಗೆ. ಹಸು ಮಿರಮಿರ ಮಿಂಚುತ್ತಿತ್ತು.

ಭಾನುವಿನ ಮೊದಲ ಮಗು ಆ ಬಿಳುಪಿನಲ್ಲೇ ಹೋಯಿತು. ಆಗ ಅವಳು ಅತ್ತೆಯ ಮಾತು ಕೇಳಿದ್ದಳು. ಜವಳಗಿರಿಯಿಂದ ಮಂತ್ರವಾದಿ ಆವುಲಪ್ಪ ಬಂದು ಯಂತ್ರ ಕಟ್ಟಿದ್ದ. ಬಾಯಿ ತೆರೆದ ಕೂಸು ಅವಳ ತೊಡೆಯ ಮೇಲೆಯೇ ತಣ್ಣಗಾಗಿತ್ತು... ಅಂದಿನಿಂದ ಭಾನುವಿಗೆ ಅಳುವೆಂದರೆ ಭಯವಿಲ್ಲ. ಮೌನವೆಂದರೆ ಭಯ. ಮಧ್ಯಾಹ್ನ ಫ್ಯಾನು ನಿಂತು ಮನೆ ಸ್ತಬ್ಧವಾದರೆ ಸಾಕು, ಎದ್ದು ಓಡಿಬಂದು ತೊಟ್ಟಿಲಿನೊಳಗೆ ಕೈಯಿಡುತ್ತಿದ್ದಳು. ಈ ಸಲ ಹೆಣ್ಣು. ಎರಡೂವರೆ ತಿಂಗಳು.

ಗಂಜಿಯ ಪಂಚಾಯಿತಿ ಮುಗಿದಿರಲಿಲ್ಲ. ಜಗನ್ ಎರಡನೇ ಶೂ ಹಿಡಿದು ಎದ್ದ. ಆಗ ತೊಟ್ಟಿಲು ಅಲ್ಲಾಡಿದ್ದು ಎಲ್ಲರಿಗೂ ಕಂಡಿತು. ಮಗು ಮುಖ ಕಿವುಚಿತ್ತು, ಕಾಲು ಝಾಡಿಸುತ್ತಿತ್ತು, ಬಾಯಿ ಅಗಲವಾಗಿ ತೆರೆದಿತ್ತು.

ಸದ್ದೇ ಇರಲಿಲ್ಲ.

"ಬಂದ್ಲು..." ಅಕ್ಕಯಮ್ಮನ ಕೈಯ ಪಾತ್ರೆ ನೆಲಕ್ಕೆ ಬಿತ್ತು. "ಬಂದ್ಬುಟ್ಲು ಕಣ್ಲಾ ಜಗನ್ನ! ಗಂಜಿ ತಡ ಆಯ್ತು, ಬಂದ್ಬುಟ್ಲು! ಆವುಲಪ್ಪಂಗೆ ಫೋನ್ ಮಾಡ್ಲಾ!"

ಜಗನ್ ಶೂ ಬಿಟ್ಟು ಫೋನ್ ತೆಗೆದ. ಭಾನು ಮಗುವನ್ನು ಎತ್ತಿಕೊಂಡಳು. ಪುಟ್ಟ ಎದೆ ಕೋಳಿಮರಿಯ ಹಾಗೆ ದಬದಬ ಬಡಿದುಕೊಳ್ಳುತ್ತಿತ್ತು. ಮೂಗಿನ ಹೊಳ್ಳೆ ಅರಳಿ ಅರಳಿ ಮುಚ್ಚುತ್ತಿತ್ತು. ಅವಳು ಸೆರಗು ಸಿಕ್ಕಿಸಿ ಬಾಗಿಲ ಕಡೆ ನಡೆದಳು. ಹೆಜ್ಜೆ ತಡವರಿಸಿತು, ತಿಂಗಳಿಂದ ಅವಳ ಪಾದಗಳಿಗೆ ಜೋಮು ಹಿಡಿದಿತ್ತು. ಸವತಿ ಕಾಲ ಮೇಲೆ ಕೂರುತ್ತಾಳೆ ಎಂದು ಅತ್ತೆ ಅದಕ್ಕೂ ಕಾರಣ ಹೇಳಿದ್ದಳು.

"ಎಲ್ಲಿಗಮ್ಮಿ?"

"ಆಸ್ಪತ್ರೆಗೆ."

"ಮೂರು ತಿಂಗ್ಳು ತುಂಬ್ದೆ ಹೊಸ್ಲು ದಾಟಿದ್ರೆ ಅವ್ಳು ದಾರಿ ಉದ್ದಕ್ಕೂ ಬತ್ತಾಳೆ!" ಅಕ್ಕಯಮ್ಮ ಊದಿದ ಮಂಡಿಯನ್ನು ಮರೆತು ಹೊಸ್ತಿಲಿಗೆ ಅಡ್ಡ ಕೂತಳು. "ನನ್ ಹೆಣ ದಾಟ್ಕಂಡು ಹೋಗು!"

"ದಾಟ್ತೀನಿ ಅತ್ತೆ," ಎಂದಳು ಭಾನು. ದನಿ ಏರಲಿಲ್ಲ. "ಹೋದ್ಸಲ ನಿಮ್ ಮಾತು ಕೇಳಿ ನನ್ ಮಗೂನ ದಾಟುಸ್ಬುಟ್ಟೆ. ಈ ಸಲ ನಿಮ್ಮುನ್ನ ದಾಟ್ತೀನಿ."

ಅಮ್ಮನ ಕಡೆಗೂ ಹೆಂಡತಿಯ ಕಡೆಗೂ ನೋಡುತ್ತ ಜಗನ್ ಫೋನ್ ಹಿಡಿದೇ ನಿಂತಿದ್ದ. ಒಂದೇ ಶೂ ಹಾಕಿದ ಗಂಡಸಿನಿಂದ ಹೆಚ್ಚಿನ ನಿರ್ಧಾರವನ್ನು ನಿರೀಕ್ಷಿಸುವುದೂ ತಪ್ಪು. ಎದ್ದು ಬಂದವನು ವೆಂಕಟೇಶಪ್ಪ. ಹೆಂಡತಿಯ ಎರಡೂ ರಟ್ಟೆ ಹಿಡಿದು, ರಾಗಿಯ ಮೂಟೆಯನ್ನು ಸರಿಸುವ ಹಾಗೆ ಪಕ್ಕಕ್ಕೆ ಸರಿಸಿದ.

"ಲೇ ಜಗನ್ನ, ಆ ಫೋನಾಗೆ ಯುವರಾಜ್ನ ಆಟೋ ಕರೀಲಾ."

ಆಟೋದಲ್ಲಿ ಅಕ್ಕಯಮ್ಮನೂ ಹತ್ತಿದಳು. ಯಾರೂ ಕರೆದಿರಲಿಲ್ಲ. ಹೊಸೂರಿನವರೆಗೂ ಅವಳು ಮಗುವನ್ನು ನೋಡಲಿಲ್ಲ. ಹಿಂದಿನ ಕಿಂಡಿಯಿಂದ ರಸ್ತೆಯನ್ನೇ ನೋಡುತ್ತಿದ್ದಳು. "ಏನ್ ಅಜ್ಜಿ, ಪೊಲೀಸ್ ಜೀಪ್ ಬತ್ತಾ ಐತಾ?" ಎಂದು ಯುವರಾಜ್ ಕೇಳಿದ. ಅವಳು ಕಿಂಡಿಯಿಂದ ಕಣ್ಣು ಕೀಳಲಿಲ್ಲ. ಅವನೂ ಕನ್ನಡಿಯಲ್ಲಿ ಒಮ್ಮೆ ಹಿಂದಕ್ಕೆ ನೋಡಿ, ಆಟೋದ ವೇಗ ಹೆಚ್ಚಿಸಿದ.

ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರ್ ರಮಾದೇವಿ ಮಗುವಿನ ಎದೆಗೆ ಸ್ಟೆತಸ್ಕೋಪ್ ಇಟ್ಟು, ಬಾಯಿ ನೋಡಿ, ಮೂಗಿಗೆ ಆಕ್ಸಿಜನ್ ಹಾಕಿಸಿದರು. ಆಮೇಲೆ ಮಗುವನ್ನು ಬಿಟ್ಟು ತಾಯಿಯ ಕಡೆ ತಿರುಗಿದರು. ಭಾನುವಿನ ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ತೆಗೆದರು. ಗುಳಿ ಬಿತ್ತು. ಗುಳಿ ಮೇಲೇಳಲಿಲ್ಲ.

"ಪಾದ ಜೋಮು ಹಿಡಿಯುತ್ತಾ?"

"ಹೂಂ ಮೇಡಂ."

"ಎನ್ನಮ್ಮಾ ಸಾಪ್ಪಾಡು? ಊಟಕ್ಕೆ ಏನು ತಿಂತೀಯ?"

ಭಾನು ಹೇಳಿದಳು. ಅನ್ನ, ಮೆಣಸಿನ ಸಾರು. ಬೆಳಿಗ್ಗೆ? ಅನ್ನ, ಮೆಣಸಿನ ಸಾರು. ರಾಗಿ? ಇಲ್ಲ. ಹುರುಳಿ, ಅವರೆ, ಕಡಲೆಕಾಯಿ? ಇಲ್ಲ. ಸೊಪ್ಪು, ಹಣ್ಣು, ಮೊಟ್ಟೆ? ಇಲ್ಲ, ಇಲ್ಲ, ಇಲ್ಲ. ಬೆಳಗಿನ ಬಿಸಿಲು? ಅದೂ ಇಲ್ಲ.

ಡಾಕ್ಟರ್ ಮುಂದೆ ಕೇಳಲಿಲ್ಲ. ನರ್ಸಿಗೆ ಒಂದು ಇಂಜೆಕ್ಷನ್ ಹೆಸರು ಹೇಳಿ, ಅದು ಮಗುವಿನ ಮೈಯೊಳಗೆ ಇಳಿಯುವವರೆಗೂ ನಿಂತಿದ್ದರು. ಆಮೇಲೆ ಸ್ಟೂಲ್ ಎಳೆದುಕೊಂಡು ಕೂತರು.

"ಬಿ ಒನ್ ಅಂತ ಒಂದು ವಿಟಮಿನ್. ನಾವು ತಿಂದಿದ್ದು ಮೈಯಲ್ಲಿ ಶಕ್ತಿಯಾಗಬೇಕಾದರೆ, ಎದೆ ಬಡೀಬೇಕಾದರೆ ಅದು ಬೇಕು. ಮೈ ಅದನ್ನ ತಾನೇ ತಯಾರು ಮಾಡಲ್ಲ, ಕೂಡಿಡೋದೂ ಸ್ವಲ್ಪ ದಿನಕ್ಕಷ್ಟೇ. ಊಟದಿಂದಲೇ ಬರಬೇಕು. ಭತ್ತದಲ್ಲಿ ಅದು ಇರೋದು ತವುಡಲ್ಲಿ. ಮಿಲ್ಲಲ್ಲಿ ಅಕ್ಕಿ ಬೆಳ್ಳಗೆ ಮಾಡಿದಾಗ ಮುಕ್ಕಾಲು ಹೋಯ್ತು. ಉಜ್ಜಿ ತೊಳೆದಾಗ ಇನ್ನಷ್ಟು ಹೋಯ್ತು. ಮಿಕ್ಕಿದ್ದು ನೀರಲ್ಲಿ ಕರಗಿ ಗಂಜಿ ಜೊತೆ ಹೋಯ್ತು. ತಾಯಿ ಮೈಲಿಲ್ಲ, ಹಾಲಲ್ಲಿಲ್ಲ, ಮಗುಗೆಲ್ಲಿಂದ ಬರುತ್ತೆ? ಎದೆ ಸೋಲುತ್ತೆ. ದನಿ ಹೋಗುತ್ತೆ."

"ಗಂಜಿ ಜೊತೆಗಾ?" ಎಂದ ವೆಂಕಟೇಶಪ್ಪ.

"ಗಂಜಿ ಜೊತೆಗೆ. ಯಾರಿಗೆ ಹಾಕ್ತೀರ ಗಂಜಿ, ಹಸುಗಾ?"

ವೆಂಕಟೇಶಪ್ಪ ಹೆಂಡತಿಯ ಕಡೆ ನೋಡಿದ. ಡಾಕ್ಟರ್ ತಮ್ಮ ಪಾಡಿಗೆ ಗೊಣಗಿಕೊಂಡರು: "ನುಗ್ಗೆಸೊಪ್ಪಲ್ಲಿ ಕಣ್ಣಿಗೆ ಬೇಕಾದ 'ಎ' ಇದೆ, ನಿಂಬೆ ನೆಲ್ಲಿಲಿ ವಸಡಿಗೆ 'ಸಿ', ಎಳೆ ಬಿಸಿಲಲ್ಲಿ ಮೂಳೆಗೆ 'ಡಿ'. ನೀವು ಹುಡುಕಿ ಹುಡುಕಿ ಎಲ್ಲಾನೂ ಬಾಗಿಲಾಚೆ ಇಟ್ಟಿದ್ದೀರ. ಇಷ್ಟು ಕಷ್ಟಪಟ್ಟು ಯಾರಮ್ಮ ಮಾಡಿದ್ದು ಈ ಪಥ್ಯ?"

ಅಕ್ಕಯಮ್ಮ ಗೋಡೆಗೆ ಒರಗಿದಳು.

ಮಧ್ಯಾಹ್ನದ ಹೊತ್ತಿಗೆ ಮಗುವಿನ ಉಸಿರು ಇಳಿಯಿತು. ಎದೆಯ ದಬದಬ ನಿಧಾನವಾಯಿತು. ಉಗುರಿನ ನೀಲಿ ಹೋಗಿ ಕೆಂಪು ಬಂತು. ಕ್ಯಾಂಟೀನಿನಿಂದ ಟೀ ತಂದ ಜಗನ್ ಮಗಳನ್ನು ನೋಡಿ, ಟೀ ನೆಲಕ್ಕಿಟ್ಟು, ಗೋಡೆಗೆ ಮುಖ ಮಾಡಿ ಅತ್ತ. ಭಾನು ಅಳಲಿಲ್ಲ, ಮಗುವಿನ ಬಾಯನ್ನೇ ನೋಡುತ್ತಿದ್ದಳು. "ದನಿ ಬರೋದು ನಿಧಾನ. ಬರುತ್ತೆ," ಎಂದಿದ್ದರು ಡಾಕ್ಟರ್.

ವೆಂಕಟೇಶಪ್ಪ ಕಾರಿಡಾರಿನ ಬೆಂಚಿನ ಮೇಲೆ ಟವೆಲು ಬಾಯಿಗೆ ಒತ್ತಿಕೊಂಡು ಕೂತಿದ್ದ. ಸೊಸೆಯನ್ನು ಕಂಡು ಎದ್ದು ನಿಂತ.

"ಗಂಗರತ್ನ ಕೇಳಿದ್ಲು ಕಣಮ್ಮ... 'ಒಂದು ಗುಟುಕು ಗಂಜಿ' ಅಂದ್ಲು. ಮೈಗೆ ಬೇಕಿದ್ದುದ್ನೇ ಕೇಳವ್ಳೆ! ನಮ್ಮವ್ವ ಬ್ಯಾಡ ಅಂದ್ಲು, ನಾನು ಸುಮ್ಕೆ ನಿಂತಿದ್ದೆ. ಅವ್ಳನ್ನೂ ಕಳ್ಕೊಂಡು, ಅವ್ಳ ಮಗೂನೂ ಕಳ್ಕೊಂಡು, ಆಮ್ಯಾಕೆ ನಲವತ್ತು ವರ್ಷ ಅವ್ಳುನ್ನೇ ಕಳ್ಳಿ ಅಂದ್ವಿ! ಮರದ ಬುಡುಕ್ಕೆ ಗಂಜಿ ಒಯ್ಯಕ್ಕೆ ನಂಗೆ ಕಾಲೇ ಬತ್ತಿರ್ಲಿಲ್ಲ. ಯಾಕೆ ಅಂತ ಇವತ್ತು ತಿಳೀತು..."

ಅಕ್ಕಯಮ್ಮ ಇದನ್ನು ಕೇಳಿಸಿಕೊಂಡಳೋ ಇಲ್ಲವೋ! ಅವಳು ಡಾಕ್ಟರ್ ಹಿಂದೆ ಕುಂಟುತ್ತ ಹೋಗಿ ಸೆರಗು ಕೈಗೆ ಸುತ್ತಿಕೊಂಡು ನಿಂತಿದ್ದಳು.

"ಮೇಡಮ್ಮಾ... ನಂದೂ ಎರಡು ಹೋದ್ವು. ಇಂಗೇ. ಆಗ ನಮ್ಮತ್ತೆ ಇಕ್ಕಿದ್ ಊಟ, ಇದೇ ಮಿಲ್ಲಿನ ಬಿಳಿ ಅನ್ನ, ನಾನುಂಡೆ. ಅದು ಸರಿ. ಸೊಸೇದೂ ಒಂದು ಹೋಯ್ತು. ಗಂಡು. ಅದಕ್ಕೆ ನಾನೇ..." ಸೆರಗನ್ನು ಇನ್ನೊಂದು ಸುತ್ತು ಸುತ್ತಿಕೊಂಡಳು. "ಅದೂ ಇದೇನಾ?"

"ನಾನು ನೋಡಿಲ್ಲಮ್ಮ. ಹೇಳೋಕಾಗಲ್ಲ."

"ದನಿ ಹೋಗಿತ್ತು."

ರಮಾದೇವಿ ಅವಳ ಭುಜದ ಮೇಲೆ ಕೈಯಿಟ್ಟರು. ಆಮೇಲೆ ಮುಂದಿನ ಮಂಚಕ್ಕೆ ಹೋದರು.

ದೆವ್ವ ಇದ್ದಷ್ಟು ದಿನ ಆ ಮನೆಯಲ್ಲಿ ಅಪರಾಧಿಯೊಬ್ಬಳಿದ್ದಳು. ಈಗ ಆ ಜಾಗ ಖಾಲಿಯಾಯಿತು. ಅಕ್ಕಯಮ್ಮ ಹೊರಗೆ ಬಂದು, ಆಸ್ಪತ್ರೆಯ ಮೆಟ್ಟಿಲಿನ ಮೇಲೆ ಕೂತು, ಬಹಳ ಹೊತ್ತು ಆಚೀಚೆ ನೋಡಿದಳು. ಯಾರಾದರೂ ಹಿಂದೆ ಬಂದಿದ್ದರೆ ಅವಳಿಗೆ ಅಂದು ಎಷ್ಟು ಸಮಾಧಾನವಾಗುತ್ತಿತ್ತೋ! ಯಾರೂ ಬಂದಿರಲಿಲ್ಲ.

ಮಗುವಿನ ದನಿ ಮರಳಿದ್ದು ಮನೆಗೆ ಬಂದ ಮೇಲೆ. ಮೊದಲು ಬೆಕ್ಕಿನ ಮರಿಯಂತೆ, ಒಡಕಾಗಿ. ಆಮೇಲೆ ದಿನದಿನಕ್ಕೆ ಗಟ್ಟಿಯಾಗಿ. ಅಷ್ಟರಲ್ಲಿ ಭಾನು ರಾಗಿಮುದ್ದೆ, ಹುರುಳಿಸಾರು, ನುಗ್ಗೆಸೊಪ್ಪಿನ ಪಲ್ಯ ಉಣ್ಣತೊಡಗಿದ್ದಳು, ಡಾಕ್ಟರ್ ಕೊಟ್ಟ ಮಾತ್ರೆಯನ್ನೂ ನುಂಗುತ್ತಿದ್ದಳು. ಎಲ್ಲವನ್ನೂ ಅಕ್ಕಯಮ್ಮನೇ ಮಾಡಿ ಬಡಿಸುತ್ತಿದ್ದಳು, ತಟ್ಟೆ ಇಟ್ಟು ಮುಖ ನೋಡದೆ ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಮಗು ಹಸಿದು, ಮನೆಯ ಹೆಂಚು ಹಾರುವಂತೆ ಅತ್ತಿತು. ಒಲೆಯ ಮುಂದಿದ್ದ ಅಕ್ಕಯಮ್ಮ ಹಾಗೇ ನೆಲಕ್ಕೆ ಕುಸಿದಳು.

"ಒಂದು ಸಲ ಬೈದ್ಬುಡೆ ಭಾನು," ಎಂದಳು. "ನೀನೇ ಕೊಂದೆ ಅಂತ ಒಂದು ಸಲ ಅಂದ್ಬುಡು. ನೀನು ಸುಮ್ಕಿದ್ರೆ ನಂಗೆ ಅವ್ನು ಕೇಳುಸ್ತಾನೆ... ದನಿ ಇಲ್ದೆ ಅಳ್ತಾನಲ್ಲ, ಅದು ಕೇಳುಸ್ತದೆ."

ಭಾನುವಿನ ನಾಲಗೆಯ ತುದಿಯಲ್ಲಿ ಆ ಮಾತಿತ್ತು. ಎಷ್ಟು ಹಗಲು ಅದನ್ನು ಮನಸ್ಸಿನಲ್ಲೇ ಅಂದುಕೊಂಡಿದ್ದಳೋ! ಎದುರಿಗೆ ಕೂತವಳು ಅದೇ ಬಿಳಿ ಅನ್ನ ತಿಂದು ಎರಡು ಕೂಸು ಮಣ್ಣಿಗಿಟ್ಟವಳು. ತನಗೆ ಬಡಿಸಿದ್ದನ್ನೇ, ಶ್ರದ್ಧೆಯಿಂದ, ಇನ್ನೊಬ್ಬಳಿಗೆ ಬಡಿಸಿದವಳು.

"ಅವ್ನು ನಂಗೂ ಕೇಳುಸ್ತಾನೆ ಅತ್ತೆ," ಎಂದಳು. ಮಗುವನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದಳು. "ತಗಳಿ. ಇವ್ಳುನ್ನ ಎತ್ಕಳಿ."

ಅಕ್ಕಯಮ್ಮ ಮೊಮ್ಮಗಳನ್ನು ಕಣ್ತುಂಬ ನೋಡಿದಳು. ಕೆಂಪು ಬಾಯಿ, ಕೊಬ್ಬಿದ ಕೆನ್ನೆ, ಆಕಾಶ ಕಿತ್ತುಬರುವ ಅಳು. ಆಮೇಲೆ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಬ್ಯಾಡ ಕಣಮ್ಮಿ. ಹಾಲು ಕೊಡು, ಹಸ್ದವಳೆ."

ಆ ಹುಡುಗಿಗೆ ಈಗ ಎರಡು ವರ್ಷ. ಅಕ್ಕಯಮ್ಮ ಅವಳನ್ನು ಇದುವರೆಗೆ ಎತ್ತಿಕೊಂಡಿಲ್ಲ.