ಉತ್ತರ ಗೋಡೆಯ ಗಿಡ್ಡ ಬಾಗಿಲು

ಫ್ರಾನ್ಸಿನ ಒಂದು ಹಳ್ಳಿಯ ಚರ್ಚಿನಲ್ಲಿ ನಾನೂರು ವರ್ಷ ಕೆಲವು ಮನೆತನದವರನ್ನು ಉತ್ತರ ಗೋಡೆಯ ಗಿಡ್ಡ ಬಾಗಿಲಿನಿಂದಷ್ಟೇ ಒಳಗೆ ಬಿಟ್ಟರು. ಆಮೇಲೆ ಆ ಬಾಗಿಲಿಗೆ ಕಲ್ಲು ತುಂಬಿ ಗಾರೆ ಬಳಿದರು.

೧೯೯೮ರ ಬೇಸಿಗೆಯಲ್ಲಿ ಆ ಗಾರೆಯ ಬಿರುಕನ್ನು ಮೊದಲು ಕಂಡವನು ದಾನಪ್ಪ. ಹಳೆಯ ಕಟ್ಟಡಗಳ ನಕ್ಷೆ ತೆಗೆಯುವ ಲಂಡನ್ನಿನ ಆಫೀಸೊಂದು ಅವನನ್ನೂ ಸುವರ್ಣಾಳನ್ನೂ ಅಲ್ಲಿಗೆ ಕಳಿಸಿತ್ತು. ಅವನು ಟೇಪು ಹಿಡಿಯಬೇಕು, ಇವಳು ಬರೆದುಕೊಳ್ಳಬೇಕು. ಚರ್ಚಿನ ಹಜಾರ ಹನ್ನೆರಡನೇ ಶತಮಾನದ್ದು, ಗಂಟೆಗೋಪುರ ಅದಕ್ಕಿಂತ ಮುನ್ನೂರು ವರ್ಷ ಚಿಕ್ಕದು. ಈ ಬಾಗಿಲು ಎರಡರ ನಡುವಿನದು.

"ನಾಲ್ಕಡಿ ಮೂರಿಂಚು. ಬರಕೊಳ್ರಿ ಮೇಡಂ, ನನ್ನ ಮಾರಿ ಆಮ್ಯಾಲ ನೋಡೀರಂತ."

"ನಿಮ್ಮ ಮಾರಿ ಯಾರ ನೋಡ್ಯಾರ? ಮೂಗಿನ ಮ್ಯಾಲಿನ ಸುಣ್ಣ ನೋಡಿದೆ."

ಅವನು ನಕ್ಕ. ಬಾಗಿಲಿಗೆ ತುಂಬಿದ್ದ ನಾಲ್ಕು ಕಲ್ಲು ತೆಗೆದು, ಮೇಲಿನ ಅಡ್ಡಗಲ್ಲಿನ ಒಳಮೈ ಸವರಿದ. ಕಲ್ಲು ಗಾಜಿನಂತೆ ನುಣುಪಾಗಿತ್ತು.

"ತಲಿ ತಾಕಿ ತಾಕಿ ಹಿಂಗಾಗ್ಯದ. ಊರು ಮುಟ್ಟಿಸಿಕೊಳ್ಳದ ಮಂದಿ. ಅವರಿಗೆ ತೀರ್ಥದ ತೊಟ್ಟೀನೂ ಬ್ಯಾರೆ ಇತ್ತಂತ." ಟೇಪು ಸುತ್ತುತ್ತ ಹೇಳಿದ: "ಕಲಬುರ್ಗಿ ಕಡೆ ನಮ್ಮಜ್ಜಗ ಹೋಟೆಲಿನ್ಯಾಗ ಚಾದ ಕಪ್ಪು ಬ್ಯಾರೆ ಇತ್ತು."

ಲಂಡನ್ನಿಗೆ ಮರಳಿದ ಮೇಲೆ ದಾನಪ್ಪ ಎಲ್ಲ ಬಾಗಿಲುಗಳಲ್ಲೂ ಬಗ್ಗತೊಡಗಿದ. ಟ್ಯೂಬ್ ರೈಲಿನಲ್ಲಿ, ಆಫೀಸಿನ ಲಿಫ್ಟಿನಲ್ಲಿ, ಫೆಲ್ಥಮ್ಮಿನ ತನ್ನ ಫ್ಲಾಟಿನಲ್ಲಿ.

"ಯಾಕ ಬಗ್ಗತೀರಿ? ಅಷ್ಟೆತ್ತರ ಬಾಗಿಲದ," ಎಂದು ಒಂದು ಸಂಜೆ ಪ್ಲಾಟ್‌ಫಾರ್ಮಿನಲ್ಲಿ ಸುವರ್ಣಾ ಕೇಳಿದಳು.

"ನಾ ಬಗ್ಗಂಗಿಲ್ಲ ಸುವರ್ಣಾ. ಹಿಂದಿನವರು ತಲಿ ಒತ್ತತಾರ. ಆ ಬಾಗಿಲದ ಕಲ್ಲು ತಗದಾಗ ಹೊರಗ ಬಂದಾರ. ಸಾಲು ಹಚ್ಚಿ ನಿಂತಾರ."

ಅವಳು ನಗಲು ಹೋದಳು, ನಗು ಅರ್ಧಕ್ಕೇ ನಿಂತಿತು. ಅವನ ಹಿಂದೆ ಯಾರೂ ಇರಲಿಲ್ಲ. ಆದರೂ ಮಂದಿ ತುಂಬಿದ ಕೋಣೆಯ ಬಿಸಿಯುಸಿರು ಕುತ್ತಿಗೆಗೆ ತಾಕಿತು.

"ಹಂಗಾರ ಆ ಸಾಲಿನ್ಯಾಗ ನನಗೊಂದ ಜಾಗ ಇಡ್ರಿ."

"ನಿಮಗ್ಯಾಕ?"

"ನಿಮ್ಮ ಬಾಜೂಕ ನಿಲ್ಲಾಕ."

ದಾನಪ್ಪನ ಕಿವಿ ಕೆಂಪಾದವು. ರೈಲು ಬಂತು, ಹೋಯಿತು. ಇಬ್ಬರೂ ಹತ್ತಲಿಲ್ಲ.

"ದೀಪಾವಳಿಗೆ ಮನಿಗೆ ಕರಕೊಂಡ ಬಾ, ನೋಡೋಣು," ಎಂದಿದ್ದರು, ದಾನಪ್ಪನ ವಿಷಯ ಹೇಳಿದಾಗ, ಅವಳ ಅಪ್ಪ, ಧಾರವಾಡದಿಂದ ಬಂದು ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ ನೆಲೆಸಿದ ಡಾಕ್ಟರ್ ಚಂದ್ರಶೇಖರ್. ಹುಡುಗನ ಊರು ಯಾವುದು, ಕೇರಿ ಯಾವುದು ಎಂದು ಆಮೇಲೆ ಕೇಳಿಕೊಂಡಿದ್ದರು. ಅಂದಿನಿಂದ ಮದುವೆಯ ಮಾತನ್ನೇ ಎತ್ತಿರಲಿಲ್ಲ.

ಹಬ್ಬದ ಮಧ್ಯಾಹ್ನ ಬಾಗಿಲ ಬೆಲ್ ಬಾರಿಸಿತು. ಸುವರ್ಣಾ ಓಡಿಬಂದು ಬಾಗಿಲು ತೆರೆದಳು. ಹೊಸ ಕೋಟು, ಕೈಯಲ್ಲಿ ಸೌತ್‌ಹಾಲಿನ ಮಿಠಾಯಿ ಡಬ್ಬಿ. ಹೊಸ್ತಿಲ ಹೊರಗೆ ದಾನಪ್ಪ ಆಗಲೇ ತಲೆ ಬಗ್ಗಿಸಿದ್ದ.

"ವೆಲ್ಕಮ್ ದಾನಪ್ಪ," ಎಂದರು ಅವಳ ಬೆನ್ನ ಹಿಂದೆ ಬಂದ ಅಪ್ಪ, ಪೇಷಂಟಿಗೆ ಹೇಳುವ ಮೆತ್ತನೆಯ ದನಿಯಲ್ಲಿ. "ಹಾಲ್‌ನ್ಯಾಗ ಪೂಜಿ ನಡದದ, ಹಿರಿಯರು ಕುಂತಾರ. ನೀವು ಸೈಡ್ ಗೇಟಿಂದ ಗಾರ್ಡನ್‌ಗೆ ಬರ್ರಿ. ಅಲ್ಲೇ ಚಾ ಕುಡಿಯೂಣು. ಡೋಂಟ್ ಮೈಂಡ್."

ದಾನಪ್ಪನ ಬೆನ್ನು ನಿಧಾನವಾಗಿ ನೆಟ್ಟಗಾಯಿತು. ಇವನು ಇಷ್ಟು ಎತ್ತರವೇ ಎಂದು ಸುವರ್ಣಾಗೆ ಅನಿಸಿತು.

"ಇಲ್ರಿ ಡಾಕ್ಟ್ರ. ಅಂಥಾ ಬಾಗಿಲದ ಅಳತಿ ನಾ ಆಗಲೇ ತಗೊಂಡೀನಿ."

ಅವನ ಹಿಂದೆ ಗೇಟಿನವರೆಗೂ ದಾರಿ ಖಾಲಿ. ಗಾಳಿಯಿಲ್ಲ. ಆದರೂ ಉದುರಿದ ಎಲೆಗಳು ಒಂದೊಂದಾಗಿ ಸರಗುಟ್ಟಿದವು, ಯಾರೋ ಕಾಲು ಬದಲಿಸಿ ನಿಂತಂತೆ.

"ಸುವರ್ಣಾ, ನೀ ಒಳಗ ನಡಿ," ಎಂದರು ಅಪ್ಪ.

ಅವಳು ಬರಿಗಾಲಲ್ಲೇ ಹೊಸ್ತಿಲು ದಾಟಿ, ತಣ್ಣನೆಯ ಮೆಟ್ಟಿಲ ಮೇಲೆ ಅವನ ಬಾಜೂಕ ನಿಂತಳು.

"ಇಲ್ಲಪ್ಪಾ. ಬಂದರ ಎಲ್ಲಾರೂ ಇದ ಬಾಗಿಲಿಂದ ಬರ್ತೀವಿ."