ಮೊದಲ ಆಯ್ಕೆಯ ಕುಂಚ

ನೀಲಗಲ್ಲುದುರ್ಗದ ರಾಜಬೀದಿಯಲ್ಲಿ ಅಂದು ವ್ಯಾಪಾರವೇ ನಡೆಯಲಿಲ್ಲ. ಮುತ್ತಿನ ಸೆಟ್ಟರು ತಕ್ಕಡಿಗಳನ್ನು ಕಟ್ಟಿಟ್ಟು ಜಗುಲಿಗಳ ಮೇಲೆ ಸುಮ್ಮನೆ ಕುಳಿತಿದ್ದರು; ಹೂವಾಡಗಿತ್ತಿಯರ ಬುಟ್ಟಿಗಳಲ್ಲಿ ಸುರಗಿಯ ಮಾಲೆಗಳು ಬಾಡುತ್ತಿದ್ದರೂ ಕೂಗಿ ಮಾರುವ ಮನಸ್ಸು ಯಾರಿಗೂ ಇರಲಿಲ್ಲ; ಕೋಟೆಯ ಕರಿನೀಲಿ ಬಂಡೆಗಳ ಮೇಲೆ ಗರುಡಧ್ವಜವು ಎಂದಿನಂತೆ ಹಾರಾಡುತ್ತಿದ್ದರೂ ಅದರ ಕೆಳಗೆ ನಿಂತ ಕಾವಲುಭಟರು ತಲೆ ತಗ್ಗಿಸಿದ್ದರು. ಮುತ್ತಿಗೆಯ ಮೇಲೆ ಮುತ್ತಿಗೆ ಬಂದಾಗ ಆ ಕೋಟೆಯನ್ನು ಉಳಿಸಿಕೊಟ್ಟ ದಳವಾಯಿ ಹಂಪರಾಜಯ್ಯನನ್ನು ಸಂಕೋಲೆ ತೊಡಿಸಿ ಅದೇ ಬೀದಿಯಲ್ಲಿ ನಡೆಸಿಕೊಂಡು ಹೋಗಿದ್ದರು. ಸೂರ್ಯಾಸ್ತಕ್ಕೆ ಆನೆಯ ಕಾಲಿಗೆ ಅವನ ತಲೆ ಎಂದು ಊರೆಲ್ಲ ಸುದ್ದಿ.

ಅಪರಾಧವು ಹೆಬ್ಬೆರಳಗಲದ್ದು. ದಳವಾಯಿಯ ಪೇಟದ ಮಡಿಕೆಯಲ್ಲಿ ಕಿರಿಯರಸಿ ಪದುಮಾಜಮ್ಮನವರ ಭಾವಚಿತ್ರವೊಂದು, ದಂತದ ಬಿಲ್ಲೆಯ ಮೇಲೆ ಬರೆದದ್ದು, ಸಿಕ್ಕಿತ್ತು. ಅದನ್ನು ಅಲ್ಲಿ ಇಟ್ಟವರು ಯಾರೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ, ಏಕೆಂದರೆ ಹುಡುಕಿ ತೆಗೆದವನು ಪ್ರಧಾನ ನರಸಪ್ಪಯ್ಯ. ಅವನ ಅಕ್ಕನ ಮಗ ದಂಡಿನ ನಾಯಕತ್ವಕ್ಕೆ ಬಾಯಿ ಬಿಟ್ಟುಕೊಂಡು ಕುಳಿತಿದ್ದನೆಂಬುದು ಲಾಯದ ಕುದುರೆಗಳಿಗೂ ತಿಳಿದ ಸಂಗತಿ. ತಿಳಿಯದಿದ್ದವರು ಮಹಾರಾಜ ವೀರರಂಗ ನಾಯಕರೊಬ್ಬರೇ. ದೊರೆ ಒಳ್ಳೆಯವರು, ಆದರೆ ಹಿತ್ತಾಳೆ ಕಿವಿ. ದಳವಾಯಿಯ ತಲೆ ಉರುಳಿದರೆ ರಾಣಿಯ ಮಾನವೂ ಅದರ ಜೊತೆಗೇ ಉರುಳುವುದೆಂಬ ಎಚ್ಚರವೂ ಆ ಕೋಪದಲ್ಲಿ ಅವರಿಗೆ ಉಳಿದಿರಲಿಲ್ಲ.

ಆಸ್ಥಾನದ ಹಿರಿಯ ಚಿತ್ರಗಾರ ಕೋನೇರಯ್ಯನನ್ನು ಓಲಗಕ್ಕೆ ಕರೆಸಲಾಯಿತು. ದಳವಾಯಿ ಸಂಕೋಲೆಯಲ್ಲೇ ಒಂದು ಬದಿಗೆ ನಿಂತಿದ್ದನು. ಅವನ ಹಿಂದೆ ಅವನ ತಮ್ಮ ಮುದ್ದಯ್ಯನೂ ಚಿತ್ರಶಾಲೆಯ ಇನ್ನಿಬ್ಬರು ಚಿತ್ರಗಾರರೂ ಬಂದು ಕೈಮುಗಿದು ನಿಂತರು.

"ಕೋನೇರಯ್ಯ," ಎಂದರು ಮಹಾರಾಜರು, "ರಾಣಿಯ ಎಡಗಿವಿಯ ಕೆಳಗಿನ ಮಚ್ಚೆ ಈ ಚಿತ್ರದಲ್ಲಿದೆ. ಅಂತಃಪುರಕ್ಕೆ ಬಂದು ಆಕೆಯ ಮುಖವನ್ನು ಬರೆಯಲು ನಾವು ಅಪ್ಪಣೆ ಕೊಟ್ಟದ್ದು ನಿನಗೊಬ್ಬನಿಗೆ. ಇದು ನಿನ್ನ ಕೈಯೆ?"

ಕೋನೇರಯ್ಯನು ಬಿಲ್ಲೆಯನ್ನು ಬೆಳಕಿಗೆ ಹಿಡಿದನು. ಕಣ್ಣರೆಪ್ಪೆಯ ಕೂದಲುಗಳು ಒಂದೊಂದೂ ಬುಡದಲ್ಲಿ ತುಂಬಿಕೊಂಡು, ತುದಿಯಲ್ಲಿ ಇದೆಯೋ ಇಲ್ಲವೋ ಎಂಬಂತೆ ಕರಗಿದ್ದವು. ಅಳಿಲಿನ ಬಾಲದ ಕೂದಲುಗಳನ್ನು ಬಿಡಿಬಿಡಿಯಾಗಿ ಆಯ್ದು, ಕೂದಲಿಗೆ ಹುಟ್ಟಿನಿಂದಲೇ ಬಂದ ಮೊನೆಗೆ ಕತ್ತರಿ ತಾಗಿಸದೆ ಅದನ್ನೇ ಮುಂದಿಟ್ಟು, ರೇಷ್ಮೆಯ ಎಳೆಯಿಂದ ಬಿಗಿದು, ಪಾರಿವಾಳದ ಗರಿಯ ಕೊಳವೆಯೊಳಗೆ ಕೂಡಿಸಿದ ಕುಂಚಕ್ಕೆ ಮಾತ್ರ ಆ ಗೆರೆ ಒಲಿಯುತ್ತದೆ. ಅಂಥ ಕುಂಚ ಕಟ್ಟುವವರು ದುರ್ಗದಲ್ಲಿ ಅವನ ಮನೆತನದವರು ಮಾತ್ರ. ಗೆರೆ ತನ್ನ ಗೆರೆಯಂತೆಯೇ ಇತ್ತು. ಆದರೆ ಈಚೆಗೆ ತನ್ನ ಬೆರಳಿಗೆ ಬಂದಿರುವ, ಯಾರಿಗೂ ತಿಳಿಯದಂತೆ ಮುಚ್ಚಿಟ್ಟುಕೊಂಡಿರುವ ಸಣ್ಣ ನಡುಕ ಅದರಲ್ಲಿರಲಿಲ್ಲ. ಯಾರೋ ತನ್ನ ಕೈಯನ್ನು ಕದ್ದು, ತನಗಿಂತ ಚೆನ್ನಾಗಿ ಬರೆದಿದ್ದರು.

"ಮಹಾಸ್ವಾಮಿ, ಕುಂಚ ನನ್ನ ಮನೆಯದು. ಕೈ ನನ್ನದಲ್ಲ. ದಳವಾಯಿಗಳಾಗಲಿ ರಾಣಿತಾಯಿಯವರಾಗಲಿ ನಿರಪರಾಧಿಗಳು. ಅಪ್ಪಣೆಯಾದರೆ ನಾವು ನಾಲ್ವರೂ ತಮ್ಮ ಸಮ್ಮುಖದಲ್ಲೇ ಒಂದೊಂದು ಕಣ್ಣು ಬರೆಯುತ್ತೇವೆ. ರೆಪ್ಪೆ ಸುಳ್ಳು ಹೇಳುವುದಿಲ್ಲ."

ಅಡ್ಡಿ ಮಾಡುವನೆಂದುಕೊಂಡಿದ್ದ ಪ್ರಧಾನನೇ ಮೊದಲು ತಲೆದೂಗಿದನು. "ಯೋಗ್ಯವಾದ ಮಾತು, ಮಹಾಸ್ವಾಮಿ. ಪರೀಕ್ಷೆ ಆಗಲಿ." ಅವನ ಮೀಸೆಯಂಚಿನ ನಗೆಯನ್ನು ಕೋನೇರಯ್ಯ ಗಮನಿಸಲಿಲ್ಲ. ಗಮನಿಸಬೇಕಿತ್ತು.

ಚಿತ್ರಶಾಲೆಯಿಂದ ಆ ವರ್ಷದ ಹೊಸ ಕುಂಚಗಳ ಹರಿವಾಣ ಬಂದಿತು. ಇನ್ನೂ ಹಂಚದೆ ಇದ್ದ ಕುಂಚಗಳವು. ಕೋನೇರಯ್ಯನ ಮನೆಯಲ್ಲೊಂದು ಪದ್ಧತಿಯಿತ್ತು: ಹೊಸ ಕುಂಚಗಳನ್ನು ಮೊದಲು ಆರಿಸುವ ಹಕ್ಕು ಹಿರಿಯನದು. ನೀರಿನಲ್ಲಿ ಅದ್ದಿ, ಒಮ್ಮೆ ಕೊಡವಿ, ಹೆಬ್ಬೆರಳಿನ ಉಗುರಿನ ಮೇಲೆ ಒತ್ತಿ ನೋಡುವನು; ತುದಿ ಒಂದೇ ಮೊನೆಯಾಗಿ ಕೂಡಬೇಕು, ಒತ್ತಿದರೆ ಬಾಗಬೇಕು, ಬಿಟ್ಟೊಡನೆ ನೆಟ್ಟಗಾಗಬೇಕು, ಹೊಟ್ಟೆಯಲ್ಲಿ ಹಿಡಿದ ಬಣ್ಣವನ್ನು ತೊಟ್ಟಿಕ್ಕದೆ ಗೆರೆಯ ಕೊನೆಯವರೆಗೂ ಕೊಡಬೇಕು. ರಾಶಿ ಕುಂಚ ಕಟ್ಟಿದರೆ ಹಾಗೆ ಕೂಡಿ ಬರುವುದು ಒಂದೋ ಎರಡೋ. ಅದು ಹಿರಿಯನಿಗೆ. ಉಳಿದವುಗಳಲ್ಲಿ ಯಾರಿಗೆ ಯಾವುದೆಂಬುದೂ ಹಿರಿಯನದೇ ತೀರ್ಮಾನ. ತಂದೆತಾಯಿ ಹೋದಾಗ ತೊಟ್ಟಿಲಲ್ಲಿದ್ದ ಮುದ್ದಯ್ಯನನ್ನು ಎತ್ತಿ ಆಡಿಸಿ, ಪಂಚೆ ಉಡಲು ಬರುವ ಮೊದಲೇ ಗೆರೆ ಎಳೆಯಲು ಕಲಿಸಿದ ಅಣ್ಣ, ಅವನಿಗೆಂದು ಪ್ರತಿ ವರ್ಷವೂ ಎರಡನೆಯ ಕುಂಚವನ್ನು ಆರಿಸಿಕೊಟ್ಟಿದ್ದನು. ತಮ್ಮನಿಗೆ ಗಡ್ಡ ನರೆಯತೊಡಗಿದರೂ ಆ ಕ್ರಮ ತಪ್ಪಿರಲಿಲ್ಲ. ಅದು ಪ್ರೀತಿಯೆಂದೇ ಕೋನೇರಯ್ಯ ನಂಬಿದ್ದನು. ಪ್ರೀತಿಯೂ ಹೌದು, ಯಜಮಾನಿಕೆಯೂ ಹೌದು.

ಈ ದಿನ ಅವನು ಹರಿವಾಣವನ್ನು ತಮ್ಮನ ಕಡೆ ಸರಿಸಿದನು. "ನಾನು ಸಂಶಯಕ್ಕೆ ಒಳಗಾದವನು. ನಾನು ಮೊದಲು ಮುಟ್ಟಬಾರದು. ಮುದ್ದಾ, ಮೊದಲು ನೀನು ಆರಿಸು."

ಹರಿವಾಣದ ನಡುವೆ ಆ ವರ್ಷದ ರತ್ನದಂಥ ಕುಂಚವೊಂದಿತ್ತು. ತುಂಬಿದ ಹೊಟ್ಟೆ, ಸೂಜಿಯಂಥ ಮೊನೆ. ಚಿತ್ರಗಾರನಾದವನು ಮುಟ್ಟದೆಯೇ ಗುರುತಿಸಬಲ್ಲಂಥದು. ಮುದ್ದಯ್ಯನ ಕೈ ನೆಟ್ಟಗೆ ಅದರ ಮೇಲಕ್ಕೆ ಹೋಯಿತು. ಹೋಗಿ ಗಾಳಿಯಲ್ಲಿ ನಿಂತಿತು. ಬಳಿಕ ಪಕ್ಕಕ್ಕೆ ಸರಿದು, ಗೋಡೆಗೆ ಬಣ್ಣ ತುಂಬಲೆಂದು ತುದಿ ಕತ್ತರಿಸಿ ಇಟ್ಟಿದ್ದ ಒರಟು ಕುಂಚವೊಂದನ್ನು ಎತ್ತಿಕೊಂಡಿತು. ಅವನು ಅದನ್ನು ಉಗುರಿನ ಮೇಲೆ ಒತ್ತಿಯೂ ನೋಡಲಿಲ್ಲ. ಬರೆದ ರೆಪ್ಪೆಗಳು ಹುಲ್ಲುಕಡ್ಡಿಯಂತೆ ಮೊಂಡಾಗಿ ಬಂದವು.

ಉಳಿದಿಬ್ಬರು ತಮತಮಗೆ ಒಗ್ಗುವ ಕುಂಚ ಆರಿಸಿ, ತಮತಮಗೆ ತಿಳಿದಂತೆ ಬರೆದರು. ಕೊನೆಗೆ ಕೋನೇರಯ್ಯನು ಎಂದೂ ಬರೆಯುವಂತೆ ಬರೆದನು. ಕೈಯನ್ನು ಕೆಡಿಸಿ ಬರೆದು ತಪ್ಪಿಸಿಕೊಳ್ಳಬಹುದಿತ್ತು. ಆ ಬುದ್ಧಿ ಅವನಿಗೆ ಹೊಳೆಯಲೂ ಇಲ್ಲ.

ಪ್ರಧಾನನು ನಾಲ್ಕು ಕಾಗದಗಳನ್ನೂ ದೊರೆಯ ಮುಂದೆ ಹರಡಿದನು. "ಮಹಾಸ್ವಾಮಿಗಳೇ ನೋಡಬೇಕು. ಮೂವರದು ಹೋಲುವುದಿಲ್ಲ, ಹಿರಿಯನದು ಹೋಲುತ್ತದೆ. ಕಳ್ಳನು ತಾನೇ ತೋಡಿದ ಗುಂಡಿಯಲ್ಲಿ ಬಿದ್ದನು. ಇನ್ನು ಆನೆಯ ಮುಂದೆ ಇಬ್ಬರಿಗೂ ಜಾಗವಿದೆ."

ಓಲಗದಲ್ಲಿ ಗುಜುಗುಜು ಎದ್ದಿತು. ಕೋನೇರಯ್ಯನ ಕಿವಿಗೆ ಒಂದೂ ಬೀಳುತ್ತಿರಲಿಲ್ಲ. ಅವನು ತಮ್ಮನ ಕೈಯಲ್ಲಿದ್ದ ಕತ್ತರಿಸಿದ ಕುಂಚವನ್ನೇ ನೋಡುತ್ತಿದ್ದನು. ನಿದ್ದೆಗಣ್ಣಿನಲ್ಲಿ ಕೊಟ್ಟರೂ ಕುಂಚ ಕಟ್ಟುವ ಮನೆಯಲ್ಲಿ ಹುಟ್ಟಿದವನು ಅದನ್ನು ಹಿಡಿಯನು. ಹಿಡಿದನೆಂದರೆ ಅವನಿಗೆ ಕೆಟ್ಟದಾಗಿ ಬರೆಯಬೇಕಾಗಿತ್ತು. ಬಿಲ್ಲೆಯ ಚಿತ್ರ ಬರೆದವನಿಗಲ್ಲದೆ ಕೆಟ್ಟದಾಗಿ ಬರೆಯಬೇಕಾದದ್ದು ಇನ್ನಾರಿಗೆ? ಅಷ್ಟೇ ಅಲ್ಲ, ಬಿಲ್ಲೆಯ ಚಿತ್ರವನ್ನು ಅಣ್ಣನ ಗೆರೆಯಲ್ಲಿ ಬರೆದದ್ದು ಅಣ್ಣನ ಕೊರಳಿಗೆ ಹಗ್ಗ ಬೀಳಲೆಂದೇ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಕೋನೇರಯ್ಯನು ದೊರೆಯ ಕಡೆ ತಿರುಗಿ ಕೈಮುಗಿದನು.

"ಮಹಾಸ್ವಾಮಿ, ಸಾಯುವವನಿಗೊಂದು ಅವಕಾಶ ಕೊಡಬೇಕು. ನನ್ನ ತಮ್ಮನನ್ನು ಒಂದು ಮಾತು ಕೇಳುತ್ತೇನೆ."

ದೊರೆ ಕೈಸನ್ನೆ ಮಾಡಿದರು. ಕೋನೇರಯ್ಯನು ಹರಿವಾಣದ ನಡುವಿನ ಕುಂಚವನ್ನು ಎತ್ತಿ ತಮ್ಮನ ಮುಂದೆ ಹಿಡಿದನು.

"ನಿನ್ನ ಕೈ ಇದರ ಮೇಲೆ ಬಂದು ಯಾಕೆ ಹಿಂದೆ ಹೋಯಿತು, ಮುದ್ದಾ?"

ಮುದ್ದಯ್ಯ ಕೈಯಲ್ಲಿದ್ದ ಒರಟು ಕುಂಚವನ್ನು ಬೆನ್ನ ಹಿಂದೆ ಸರಿಸಿದನು.

"ನಾನು ಕೊಡದೆ ಇದ್ದದ್ದು ಇದು. ನಿನ್ನದಾಗಬೇಕಿತ್ತು. ತಗೋ. ಒಂದೇ ಒಂದು ರೆಪ್ಪೆ ಬರೆ. ಕೆಡಿಸುವುದಿದ್ದರೆ ಇದರಿಂದಲೇ ಕೆಡಿಸು."

ಮುದ್ದಯ್ಯ ಕುಂಚವನ್ನು ತೆಗೆದುಕೊಂಡನು. ನೀರಿಗೆ ಅದ್ದಿದನು, ಕೊಡವಿದನು. ಉಗುರಿನ ಮೇಲೆ ಒತ್ತಿದಾಗ ಮೊನೆ ಬಾಗಿ ನೆಟ್ಟಗಾದದ್ದನ್ನು ಕಂಡು ಮತ್ತೊಮ್ಮೆ ಒತ್ತಿ ನೋಡಿದನು. ಪ್ರಧಾನನು ಕೆಮ್ಮಿದನು, ಮತ್ತೊಮ್ಮೆ ಜೋರಾಗಿ ಕೆಮ್ಮಿದನು. ಕುಂಚ ಹಿಡಿದವನಿಗೆ ಅದು ಕೇಳಿಸಲಿಲ್ಲ. ಬದುಕಬೇಕೆಂಬ ಆಸೆ ಒಂದು ಕಡೆ ಜಗ್ಗಿತು, ಹುಟ್ಟಿದಂದಿನಿಂದ ಕಾದ ಕೈ ಇನ್ನೊಂದು ಕಡೆ ಜಗ್ಗಿತು, ಗೆದ್ದದ್ದು ಕೈ. ಕಾಗದದ ಮೇಲೆ ರೆಪ್ಪೆಯೊಂದು ಮೂಡಿತು, ಅದರ ಪಕ್ಕದಲ್ಲಿ ಇನ್ನೊಂದು, ಮತ್ತೊಂದು.

ದೊರೆಗಳು ಬಿಲ್ಲೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿದರು. ಕೋನೇರಯ್ಯನ ಗೆರೆಯಲ್ಲಿದ್ದ ಸಣ್ಣ ನಡುಕ ಬಿಲ್ಲೆಯಲ್ಲೂ ಇರಲಿಲ್ಲ, ಇದರಲ್ಲೂ ಇರಲಿಲ್ಲ. ಮುದ್ದಯ್ಯ ಕುಂಚವನ್ನು ಕೆಳಗಿಟ್ಟನು. ದೊರೆಯ ಮುಂದೆ ಅಡ್ಡಬಿದ್ದನು.

"ಚಿತ್ರಶಾಲೆಯ ಹಿರಿತನ ಕೊಡಿಸುತ್ತೇನೆ ಅಂದರು ಪ್ರಧಾನರು. ಅಣ್ಣನ ಪೆಟ್ಟಿಗೆಯ ಕುಂಚದಲ್ಲೇ ಬರೆ, ಅವನ ಹಾಗೆಯೇ ಬರೆ ಅಂದರು. ಬರೆದೆ, ಮಹಾಸ್ವಾಮಿ. ಒಂದು ಸಲ, ಒಂದೇ ಒಂದು ಸಲ ನಾನೇ ಮೊದಲಿಗನಾಗಬೇಕೆಂಬ ಆಸೆಯಿತ್ತು. ಅಣ್ಣಾ, ನನ್ನ ಕೈ ನಿನ್ನದಕ್ಕಿಂತ ಮೇಲೆಂದು ನಿನಗೆ ಗೊತ್ತಿತ್ತು. ಆದರೂ ಎರಡನೆಯದನ್ನೇ ಕೊಟ್ಟೆ."

"ಗೊತ್ತಿತ್ತು," ಎಂದನು ಕೋನೇರಯ್ಯ. ಆ ಒಂದು ಮಾತು ಆಡುವುದು ಅವನಿಗೆ ಪ್ರಾಣದಷ್ಟು ದುಬಾರಿಯಾಯಿತು. "ಅದಕ್ಕೆ ನನ್ನ ಮೇಲೆ ಜಗಳ ತೆಗೆಯಬೇಕಿತ್ತು. ಹೊಡೆಯಬೇಕಿತ್ತು. ಉಂಡ ಮನೆಯ ತಾಯಿಯ ಮುಖವನ್ನು ಕದ್ದು ಮಾರಿದೆಯಲ್ಲೋ!"

ದಳವಾಯಿಯ ಸಂಕೋಲೆ ಪ್ರಧಾನನ ಕೈಗೆ ಬಂದಿತು. ಮಹಾರಾಜರು ಸಿಂಹಾಸನದಿಂದ ಇಳಿದು ದಳವಾಯಿಯನ್ನು ಅಪ್ಪಿಕೊಂಡರು. ಅಂತಃಪುರಕ್ಕೆ ತಾವೇ ಹೋಗಿ ಕ್ಷಮೆ ಬೇಡುವುದಾಗಿ ಎಲ್ಲರೆದುರು ನುಡಿದರು. ಮುದ್ದಯ್ಯನ ಬಲಗೈ ಕಡಿಯಬೇಕೆಂದು ಅಪ್ಪಣೆಯಾಯಿತು. ಬಳಿಕ ಅವರು ಕೋನೇರಯ್ಯನ ಕಡೆ ತಿರುಗಿದರು. "ಬೇಕಾದುದನ್ನು ಕೇಳು. ಇಲ್ಲವೆನ್ನುವುದಿಲ್ಲ."

"ಆ ಕೈಯನ್ನು ಕಡಿಯಬಾರದು, ಮಹಾಸ್ವಾಮಿ."

"ನಿನ್ನನ್ನು ಕೊಲ್ಲಿಸಹೊರಟ ಕೈಯಲ್ಲವೆ ಅದು?"

"ಹೌದು. ಆದರೂ ಅಂಥ ರೆಪ್ಪೆ ನನ್ನ ಕೈಯಲ್ಲಿ ಬರುವುದಿಲ್ಲ, ಇನ್ನು ಬರುವುದೂ ಇಲ್ಲ. ಶಿಕ್ಷೆ ನನಗೂ ಸಲ್ಲಬೇಕು. ಒಬ್ಬನೇ ಬರಬೇಕೆಂಬ ಅಪ್ಪಣೆ ಮೀರಿ, ಬಣ್ಣ ಅರೆಯಲೆಂದು ಇವನನ್ನು ಅಂತಃಪುರದ ತೆರೆಯ ಹಿಂದೆ ಕೂರಿಸಿದವನು ನಾನೇ. ಅವನು ಬೇರೆ, ನಾನು ಬೇರೆ ಅಲ್ಲವೆಂದುಕೊಂಡಿದ್ದೆ. ಹಿರಿತನದ ಮುದ್ರೆಯುಂಗುರ ಇಗೋ, ತಮ್ಮ ಪಾದದಲ್ಲಿದೆ."

ಮಹಾರಾಜರು ಉಂಗುರವನ್ನು ಒಲ್ಲದ ಮನಸ್ಸಿನಿಂದ ತೆಗೆದುಕೊಂಡರು. ಮುದ್ದಯ್ಯನ ಕೈ ಉಳಿಯಿತು. ಸೂರ್ಯಾಸ್ತದೊಳಗೆ ಸೀಮೆ ದಾಟಿ ಹೋಗಬೇಕೆಂದು ವಿಧಿಸಲಾಯಿತು.

ಅರಮನೆಯ ಮೆಟ್ಟಿಲುಗಳ ಬಳಿ ಕಾವಲಿನವರ ನಡುವಿನಿಂದ ಮುದ್ದಯ್ಯ ಓಡಿಬಂದು ಅಣ್ಣನ ಕಾಲು ಹಿಡಿದನು. "ಅಣ್ಣಾ, ಕೈ ಉಳಿಸಿದೆ. ಕ್ಷಮಿಸಿದೆ ಅಂತ ಒಂದು ಮಾತು ಹೇಳು. ಅಷ್ಟು ಹೇಳಿದರೆ ಹೋಗಿಬಿಡುತ್ತೇನೆ."

"ಕೈಯನ್ನು ಉಳಿಸಿದೆ," ಎಂದು ಕೋನೇರಯ್ಯ ಕಾಲು ಬಿಡಿಸಿಕೊಂಡನು. "ನಿನ್ನನ್ನಲ್ಲ."

ಕಾವಲಿನವರು ಮುದ್ದಯ್ಯನನ್ನು ಉತ್ತರದ ಬಾಗಿಲಿನ ಕಡೆ ಕರೆದುಕೊಂಡು ಹೋದರು. ಆ ಕಡೆ ತಿರುಗಿ ನೋಡದೆ ಮೆಟ್ಟಿಲ ಮೇಲೆ ಕುಳಿತ ಕೋನೇರಯ್ಯನ ಪಕ್ಕದಲ್ಲಿ ದಳವಾಯಿ ಹಂಪರಾಜಯ್ಯ ಬಂದು ಕುಳಿತನು. ಮಣಿಕಟ್ಟಿನ ಸಂಕೋಲೆಯ ಗಾಯವನ್ನು ಉಜ್ಜಿಕೊಳ್ಳುತ್ತ, "ಚಿತ್ರಗಾರರೇ, ನನ್ನ ಪ್ರಾಣವನ್ನೂ ತಾಯಿಯವರ ಮಾನವನ್ನೂ ಉಳಿಸಿದಿರಿ. ಇನ್ನು ನನ್ನ ಮನೆಯೇ ನಿಮ್ಮ ಮನೆ. ಅತ್ತು ಹಗುರವಾಗಿರಿ, ಇಲ್ಲಿ ಯಾರೂ ಇಲ್ಲ," ಎಂದನು.

"ತಮ್ಮ ಸತ್ತಿದ್ದರೆ ಅಳುತ್ತಿದ್ದೆ, ದಳವಾಯಿಗಳೇ," ಎಂದನು ಕೋನೇರಯ್ಯ. "ಸತ್ತವನಿಗಾದರೆ ತರ್ಪಣ ಬಿಡಬಹುದು. ಬದುಕಿರುವವನಿಗೆ ಏನು ಬಿಡಲಿ?"